ಕ್ರಯಪತ್ರದಲ್ಲಿ ಸಿಕ್ಕ ಮುತ್ತಜ್ಜಿ

ಅಪ್ಪ ತೀರಿಕೊಂಡ ಮೇಲೆ ಅವರ ಹೆಸರಿನ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವ ಪೌತಿ ಖಾತೆಗೆ ಅರ್ಜಿ ಹಾಕಬೇಕಿತ್ತು. ಅದಕ್ಕೆ ವಂಶವೃಕ್ಷ ಬೇಕು. ನಾಡಕಚೇರಿಯವರು ಕೇಳುವಷ್ಟನ್ನೇ ಬರೆದುಕೊಟ್ಟು ಸುಮ್ಮನಾಗಬಹುದಿತ್ತು. ಆದರೆ ಬರೆಯುತ್ತಾ ಬರೆಯುತ್ತಾ ಮೇಲಕ್ಕೆ ಹೋದೆ. ಅಪ್ಪ, ತಾತ, ಮುತ್ತಾತ. ಮುತ್ತಾತನ ಹೆಂಡತಿಯ ಹೆಸರು ಬರೆಯಬೇಕಾದ ಜಾಗದಲ್ಲಿ ಪೆನ್ನು ನಿಂತಿತು.

ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಎಂಬತ್ತಾರು ದಾಟಿದ ಸೋದರತ್ತೆಯನ್ನು ಕೇಳಿದೆ. ಚಿಕ್ಕವಳಿದ್ದಾಗ ಆ ಮುತ್ತಜ್ಜಿಯ ಸೊಂಟದ ಮೇಲೆ ಕೂತು ಬೆಳೆದವರು ಅವರು. "ನಮ್ಮಪ್ಪ ಅವ್ವ ಅಂತಿತ್ತು, ನಾವು ಅಜ್ಜಿ ಅಂತಿದ್ವಿ. ಹೆಸರು ಹಿಡಿದು ಕರೆಯೋರು ಯಾರಿದ್ರು ಹೇಳು?" ಅಂದರು. ಕೆಲವು ವರ್ಷಕ್ಕೊಮ್ಮೆ ಎತ್ತಿನ ಮೇಲೆ ಬಂದು ವಂಶ ಹೇಳಿ, ಧಾನ್ಯ ತೆಗೆದುಕೊಂಡು ಹೋಗುತ್ತಿದ್ದ ಹೆಳವರ ಬಾಯಲ್ಲಿ ಕೇಳಿದ್ದನ್ನು ಅಪ್ಪ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದರು. ಅದನ್ನೂ ತೆಗೆದು ನೋಡಿದೆ. ಏಳು ತಲೆಮಾರಿನ ಗಂಡಸರ ಹೆಸರು, ಯಾವ ಸೀಮೆಯಿಂದ ಬಂದವರು, ಮನೆದೇವರು ಯಾವುದು, ಎಲ್ಲ ಇತ್ತು. ಅಪ್ಪ ಬರೆದುಕೊಂಡದ್ದರಲ್ಲಿ ಹೆಂಗಸರ ಹೆಸರು ಒಂದೂ ಇರಲಿಲ್ಲ.

ಅವತ್ತೇ ನಿಶ್ಚಯ ಮಾಡಿದೆ, ಆಕೆಯ ಹೆಸರನ್ನು ಹುಡುಕಲೇಬೇಕೆಂದು. ನಮ್ಮದು ತುಮಕೂರು ಜಿಲ್ಲೆ, ಹಳೇ ಮೈಸೂರು ಸೀಮೆ. ಇಲ್ಲಿ ರೈತಾಪಿ ಮನೆಗಳ ಚರಿತ್ರೆ ಉಳಿದಿರುವುದು ಕಂದಾಯ ಇಲಾಖೆಯ ಕಡತಗಳಲ್ಲಿ ಮತ್ತು ಸಬ್‌ರಿಜಿಸ್ಟ್ರಾರ್ ಕಚೇರಿಯ ಪುಸ್ತಕಗಳಲ್ಲಿ. ಜಮೀನು ಕೈಬದಲಾದಾಗಲೆಲ್ಲ ಯಾರೋ ಒಬ್ಬರು ಕೂತು ಹೆಸರು ಬರೆದಿರುತ್ತಾರೆ.

ಕೈಯಲ್ಲಿದ್ದದ್ದು ಒಂದು ಪಹಣಿ. 2000ದ ಸುಮಾರಿಗೆ 'ಭೂಮಿ' ಯೋಜನೆ ಬಂದು ಪಹಣಿಗಳೆಲ್ಲ ಕಂಪ್ಯೂಟರಿಗೆ ಏರಿದವು. ಅಲ್ಲಿಂದ ಈಚಿನದು ಸುಲಭ. ಒಂಬತ್ತನೇ ಕಾಲಂನಲ್ಲಿ ಖಾತೆದಾರರ ಹೆಸರು, ಹತ್ತನೇ ಕಾಲಂನಲ್ಲಿ ಆ ಜಮೀನು ಅವರಿಗೆ ಹೇಗೆ ಬಂತು ಎನ್ನುವುದಕ್ಕೆ ಎಂ.ಆರ್. ನಂಬರು, ಅಂದರೆ ಖಾತೆ ಬದಲಾವಣೆ ಬರೆದಿಡುವ ಮ್ಯುಟೇಶನ್ ರಿಜಿಸ್ಟರಿನ ನಂಬರು. ಬಹಳ ಜನ ಈ ಹತ್ತನೇ ಕಾಲಂ ನೋಡುವುದೇ ಇಲ್ಲ, ಆದರೆ ಹಿಂದಕ್ಕೆ ಹೋಗುವ ಬಾಗಿಲು ಅದೇ. ಆ ನಂಬರು ಹಿಡಿದು ಮ್ಯುಟೇಶನ್ ರಿಜಿಸ್ಟರಿನ ನಕಲಿಗೆ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿಗೆ ಅರ್ಜಿ ಕೊಟ್ಟೆ. ಅದರಲ್ಲಿ ಪೌತಿಯೋ ವಿಭಾಗವೋ ಕ್ರಯವೋ ಎಂದು ಬರೆದಿರುತ್ತದೆ, ಹಿಂದಿನ ಖಾತೆದಾರರ ಹೆಸರೂ ಇರುತ್ತದೆ. ಅವರ ಹೆಸರಿನ ಕೈಬರಹದ ಪಹಣಿ ಕೇಳಬೇಕು, ಅಲ್ಲಿಂದ ಇನ್ನೂ ಹಿಂದಿನ ಎಂ.ಆರ್., ಆಮೇಲೆ ಐ.ಎಲ್. (ಜಮೀನುಗಳ ಸೂಚಿ) ಮತ್ತು ಆರ್.ಆರ್. (ಹಕ್ಕುಗಳ ದಾಖಲೆ) ಪುಸ್ತಕ. ಈಗ ಕೆಲವು ಕಡೆ ಹಳೇ ಕಡತಗಳನ್ನು ಸ್ಕ್ಯಾನ್ ಮಾಡುತ್ತಿದ್ದಾರೆ. ನಾನು ಓಡಾಡಿದ ದಿನಗಳಲ್ಲಿ ಆ ಅನುಕೂಲ ಇರಲಿಲ್ಲ, ನಮ್ಮೂರಿನ ಐ.ಎಲ್. ಪುಸ್ತಕದ ಅಂಚನ್ನು ಗೆದ್ದಲು ತಿಂದಿತ್ತು.

ಓದಲು ಕಲಿಯುವುದಕ್ಕೇ ಒಂದೆರಡು ತಿಂಗಳು ಹಿಡಿಯಿತು. ಶಾನುಭೋಗರ ಬರಹ ಪದಕ್ಕೂ ಪದಕ್ಕೂ ಬಿಡುವಿಲ್ಲದೆ ಒಂದೇ ಎಳೆಯಲ್ಲಿ ಹರಿಯುತ್ತದೆ. ಜೋರಾಗಿ ಬಾಯಿಬಿಟ್ಟು ಓದಿದರೆ ಅರ್ಥ ತಾನೇ ಬಿಡಿಸಿಕೊಳ್ಳುತ್ತದೆ, ಕಣ್ಣಲ್ಲೇ ಓದಿದರೆ ಸಿಕ್ಕಿಬೀಳುತ್ತೀರಿ. 'ಬಿನ್' ಎಂದರೆ ಇಂಥವರ ಮಗ, 'ಕೋಂ' ಎಂದರೆ ಇಂಥವರ ಹೆಂಡತಿ. ತರಿ ಎಂದರೆ ನೀರಾವರಿ ಗದ್ದೆ, ಖುಷ್ಕಿ ಎಂದರೆ ಮಳೆ ನೆಚ್ಚಿದ ಹೊಲ, ಬಾಗಾಯ್ತು ಎಂದರೆ ತೋಟ. ನಾಲ್ಕು ದಿಕ್ಕಿನ ಗಡಿ ಹೇಳುವುದು ಚೆಕ್ಕುಬಂದಿ. ಪತ್ರ ಬರೆದವರ ಹೆಸರು ಕೊನೆಯಲ್ಲಿ 'ಬಿಕಲಂ' ಎಂಬ ಮಾತಿನ ಜೊತೆ ಬರುತ್ತದೆ.

ಇಷ್ಟೆಲ್ಲ ಕಲಿತೂ ನಾಲ್ಕು ತಿಂಗಳು ತಪ್ಪು ಮನೆಯ ಹಿಂದೆ ಓಡಾಡಿದೆ. ಊರದೇವರ ಹೆಸರನ್ನೇ ಮನೆಮನೆಯಲ್ಲೂ ಇಡುವ ಊರು ನಮ್ಮದು. ಮುತ್ತಾತನ ಹೆಸರು, ಅವರಪ್ಪನ ಹೆಸರು ಎರಡೂ ಹೊಂದುವ ಇನ್ನೊಬ್ಬರು ಅದೇ ಊರಲ್ಲಿದ್ದರು. ಅವರ ಹೆಂಡತಿಯ ಹೆಸರು ಒಂದು ಅಡಮಾನ ಪತ್ರದಲ್ಲಿ ಸಿಕ್ಕಿ, ಸಂತೋಷದಿಂದ ಅತ್ತೆಗೆ ಫೋನ್ ಮಾಡಿಯೂ ಆಗಿತ್ತು. ಆಮೇಲೆ ಚೆಕ್ಕುಬಂದಿ ಓದಿದಾಗ ಆ ಹೊಲ ಊರಿನ ಬಡಗಣ ದಿಕ್ಕಿನದು, ನಮ್ಮ ಮನೆತನಕ್ಕೆ ಅತ್ತ ಕಡೆ ಎಂದೂ ಜಮೀನು ಇರಲಿಲ್ಲ ಎಂದು ತಿಳಿಯಿತು. ಅಂದಿನಿಂದ ಬರೀ ಹೆಸರನ್ನು ನಾನು ನಂಬುವುದಿಲ್ಲ. ಹೆಸರು, ಸರ್ವೆ ನಂಬರು, ಪಕ್ಕದ ಜಮೀನಿನವರು, ಈ ಮೂರೂ ಹೊಂದಿದರೆ ಮಾತ್ರ ನಮ್ಮವರು.

ದಾರಿ ತೋರಿಸಿದ್ದು ಅತ್ತೆಯೇ. ಒಂದು ಸಂಜೆ ಹುಣಸೆಹಣ್ಣು ಬಿಡಿಸುತ್ತಾ ಕೂತಿದ್ದಾಗ, "ಕೆರೆ ಹಿಂದಿನ ಗದ್ದೆ ನಮ್ಮದೇ ಆಗಿತ್ತಂತೆ. ನಮ್ಮಪ್ಪ ಹುಡುಗ ಆಗಿದ್ದಾಗ ಅಜ್ಜಿ ಮಾರಿಬಿಟ್ಟಳಂತೆ" ಅಂದರು. ಈ ಒಂದು ಮಾತಿಗೋಸ್ಕರ ನಾನು ಅವರ ಹತ್ತಿರ ಎಷ್ಟು ಸಲ ಕೂತಿರಬೇಕೋ! ನೇರವಾಗಿ ಪ್ರಶ್ನೆ ಕೇಳಿದಾಗಲೆಲ್ಲ "ಗೊತ್ತಿಲ್ಲಮ್ಮ" ಎನ್ನುವವರು, ಕೈಗೆ ಕೆಲಸ ಇದ್ದಾಗ ತಾವಾಗಿಯೇ ಹೇಳುತ್ತಾರೆ.

ಸರ್ವೆ ಇಲಾಖೆಯ ಗ್ರಾಮ ನಕ್ಷೆ ತೆಗೆದು ಕೆರೆ ಏರಿಯ ಕೆಳಗಿನ ಸರ್ವೆ ನಂಬರುಗಳನ್ನು ಗುರುತು ಹಾಕಿಕೊಂಡೆ. ಒಂಬತ್ತು ನಂಬರು ಬಂದವು. ಈಗ 2, 3 ಎಂದು ಹಿಸ್ಸೆ (ಪಾಲು) ಆಗಿ ಒಡೆದಿರುವ ನಂಬರುಗಳೂ ಪೋಡಿಗೆ, ಅಂದರೆ ಅಳೆದು ಭಾಗ ಮಾಡುವುದಕ್ಕೆ, ಮುಂಚೆ ಒಂದೇ ನಂಬರು, ಆದ್ದರಿಂದ ಹುಡುಕುವಾಗ ಮೂಲ ನಂಬರನ್ನೇ ಹಿಡಿಯಬೇಕು. ಪಟ್ಟಿ ಹಿಡಿದು ಸಬ್‌ರಿಜಿಸ್ಟ್ರಾರ್ ಕಚೇರಿಗೆ ಹೋದೆ.

ಈ ವಿಷಯ ಎಲ್ಲರಿಗೂ ಗೊತ್ತಿರಬೇಕು. ನೋಂದಣಿ ಕಾಯ್ದೆಯ 57ನೇ ಕಲಮಿನ ಪ್ರಕಾರ ಸ್ಥಿರಾಸ್ತಿ ಪತ್ರಗಳನ್ನು ನಕಲು ಮಾಡಿಡುವ 1ನೇ ಪುಸ್ತಕವನ್ನೂ ಅದರ ಸೂಚಿಯನ್ನೂ ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು, ನಕಲು ಪಡೆಯಬಹುದು. ನೀವು ಆ ಆಸ್ತಿಯ ವಾರಸುದಾರರೇ ಆಗಿರಬೇಕೆಂದಿಲ್ಲ. ಸೂಚಿ ಎರಡು ಬಗೆ: ಮೊದಲನೆಯದರಲ್ಲಿ ಜನರ ಹೆಸರಿನ ಮೇಲೆ, ಎರಡನೆಯದರಲ್ಲಿ ಊರು ಮತ್ತು ಆಸ್ತಿಯ ಮೇಲೆ ಹುಡುಕಬಹುದು. ಹೆಸರೇ ಗೊತ್ತಿಲ್ಲದ ನನ್ನಂಥವರಿಗೆ ಎರಡನೇ ಸೂಚಿಯೇ ಆಧಾರ. ತಾತ ಹುಡುಗನಾಗಿದ್ದ ಕಾಲವೆಂದು ಅಂದಾಜು ಮಾಡಿ 1915ರಿಂದ 1925ರವರೆಗೆ ವರ್ಷವರ್ಷದ ಹುಡುಕು ಶುಲ್ಕ ಕಟ್ಟಿದೆ.

1920ರ ಸೂಚಿಯಲ್ಲಿ ಸಿಕ್ಕಿತು. ಎಂಟು ದಿನದ ಮೇಲೆ ನಕಲು ಕೈಗೆ ಬಂತು. ಕಚೇರಿಯ ಮೆಟ್ಟಿಲ ಮೇಲೇ ಕೂತು ಜೋರಾಗಿ ಓದಿದೆ.

ಜನವರಿ ಎರಡನೇ ವಾರ, ಸಿದ್ಧಾರ್ಥಿ ಸಂವತ್ಸರದ ಪುಷ್ಯ ಬಹುಳ. ಬರೆದುಕೊಟ್ಟವರು: ಮೈನರ್ ಹುಡುಗರಿಬ್ಬರು, ಒಬ್ಬನಿಗೆ ಎಂಟು ವರ್ಷ, ಇನ್ನೊಬ್ಬನಿಗೆ ಐದು. ಎಂಟು ವರ್ಷದವನು ನನ್ನ ತಾತ. ಅವರ ಪರವಾಗಿ ಗಾರ್ಡಿಯನ್ ತಾಯಿ, ಆಮೇಲೆ ಆಕೆಯ ಹೆಸರು, ಆಮೇಲೆ 'ಕೋಂ' ಎಂದು ಬರೆದು ಮುತ್ತಾತನ ಹೆಸರು.

ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಅದು ನಮ್ಮ ಮನೆಯವರಿಗೆ. ಇಷ್ಟು ಹೇಳಬಹುದು: ಊರ ಮುಂದಿನ ಅಮ್ಮನ ಹೆಸರೇ ಆಕೆಯದು. ವರ್ಷಕ್ಕೊಮ್ಮೆ ಜಾತ್ರೆಯಲ್ಲಿ ನಾನು ಆ ಹೆಸರನ್ನು ಕೂಗಿ ಕೈಮುಗಿದಿದ್ದೇನೆ.

ಮೈನರ್ ಮಕ್ಕಳ ಆಸ್ತಿಯನ್ನು ಗಾರ್ಡಿಯನ್ ಸುಮ್ಮಸುಮ್ಮನೆ ಮಾರುವ ಹಾಗಿರಲಿಲ್ಲ. ಕುಟುಂಬದ ನಿಜವಾದ ಅಗತ್ಯಕ್ಕೇ ಮಾರಿದ್ದೆಂದು ತೋರಿಸಬೇಕಿತ್ತು, ಇಲ್ಲದಿದ್ದರೆ ಮಕ್ಕಳು ದೊಡ್ಡವರಾಗಿ ಪ್ರಶ್ನೆ ಮಾಡಿದಾಗ ಕೊಂಡವರಿಗೆ ಕಷ್ಟ. ಹಾಗಾಗಿ ಇಂಥ ಪತ್ರಗಳಲ್ಲಿ ಮನೆಯ ಕಥೆಯನ್ನು ಬಿಡಿಸಿ ಬರೆದಿರುತ್ತಾರೆ. ಎಲ್ಲ ಬಗೆಯ ಕ್ರಯಪತ್ರಗಳಲ್ಲಿ ನಾನು ಮೊದಲು ಹುಡುಕುವುದು ಇವನ್ನೇ. ನಮ್ಮ ಪತ್ರದಲ್ಲಿ ಗಂಡ ಕಾಳಯುಕ್ತಿ ಸಂವತ್ಸರದ ಆಶ್ವಯುಜ ಮಾಸದಲ್ಲಿ ಮೃತರಾದದ್ದು, ಅವರ ಕಾಲದ ಕೈಸಾಲ, ಮಕ್ಕಳ ಹೊಟ್ಟೆಪಾಡು, ಹೆಣ್ಣುಮಗುವಿನ ಮದುವೆ ಎಂದು ಒಂದೊಂದಕ್ಕೂ ಎಷ್ಟೆಷ್ಟು ರೂಪಾಯಿ ಎನ್ನುವುದರ ಸಮೇತ ಇತ್ತು.

ಸಂವತ್ಸರ ಅರುವತ್ತು ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. ಕಾಳಯುಕ್ತಿ 1858ರಲ್ಲೂ ಬಂದಿತ್ತು, 1978ರಲ್ಲೂ ಬಂತು. ಪತ್ರದ ಇಂಗ್ಲಿಷ್ ತಾರೀಖು ನೋಡಿದರೆ ಇದು 1918. ಪಂಚಾಂಗ ಹಾಕಿ ನೋಡಿದೆ. ಆ ವರ್ಷದ ಆಶ್ವಯುಜ ಅಕ್ಟೋಬರ್ ಮೊದಲ ವಾರದಿಂದ ನವೆಂಬರ್ ಮೊದಲ ದಿನಗಳವರೆಗೆ. ಇನ್‌ಫ್ಲುಯೆಂಜಾ ಮೈಸೂರು ಸಂಸ್ಥಾನದಲ್ಲಿ ಊರೂರು ಖಾಲಿ ಮಾಡಿದ ತಿಂಗಳು ಅದು. ದೇಶದಲ್ಲಿ ಒಂದು ಕೋಟಿಗೂ ಮೀರಿ ಜನ ಆ ಜ್ವರಕ್ಕೆ ಹೋದರು. ಮುತ್ತಾತ ಅದರಲ್ಲೇ ಹೋದರೆಂದು ನನ್ನ ಮನಸ್ಸು ಹೇಳುತ್ತದೆ. ಪತ್ರದಲ್ಲಿ ಕಾರಣ ಬರೆದಿಲ್ಲವಾದ್ದರಿಂದ ವಂಶವೃಕ್ಷದಲ್ಲಿ ತಿಂಗಳು, ವರ್ಷ ಮಾತ್ರ ಬರೆದಿದ್ದೇನೆ. ಮನಸ್ಸಿಗೆ ಅನಿಸಿದ್ದನ್ನೂ ಕಾಗದದಲ್ಲಿ ಇದ್ದದ್ದನ್ನೂ ಒಂದೇ ಶಾಯಿಯಲ್ಲಿ ಬರೆದರೆ ಮುಂದಿನವರಿಗೆ ಬೇರೆ ಮಾಡಲು ಆಗುವುದಿಲ್ಲ.

ತಾತನ ಹುಟ್ಟಿದ ವರ್ಷವೂ ಇದರಿಂದ ಸರಿಹೋಯಿತು. ಶಾಲೆಯ ದಾಖಲಾತಿ ರಿಜಿಸ್ಟರಿನಲ್ಲಿ 1916ರ ಜೂನ್ 1 ಎಂದಿತ್ತು. ಆಗಿನ ಮೇಷ್ಟ್ರುಗಳು ಹುಡುಗನ ಮೈಕಟ್ಟು ನೋಡಿ ಶಾಲೆ ಶುರುವಾಗುವ ತಾರೀಖು ಬರೆಯುತ್ತಿದ್ದರು. ಜೂನ್ 1 ಕಂಡರೆ ಅನುಮಾನ ಪಡಿ. ತಾಯಿ ಹೇಳಿ ಬರೆಸಿದ ಎಂಟು ವರ್ಷವೇ ನನಗೆ ಪ್ರಮಾಣ.

ಇಷ್ಟರಲ್ಲಿ ಸುದ್ದಿ ಹಬ್ಬಿತ್ತು. ಚಿಕ್ಕಪ್ಪನ ಮಗ ಫೋನ್ ಮಾಡಿ, "ಅಕ್ಕ, ಹಳೇ ಪತ್ರ ಎಲ್ಲ ತೆಗಿಸ್ತಿದ್ದೀಯಂತೆ, ಪಾಲಿನ ವಿಷಯ ಏನಾದರೂ ಇದ್ದರೆ ನೇರವಾಗಿ ಹೇಳು" ಅಂದ. ಹೆಣ್ಣುಮಗಳು ಹಳೇ ಪತ್ರ ಕೇಳಿದರೆ ಊರಲ್ಲಿ ಬೇರೆ ಅರ್ಥವೇ ಇಲ್ಲ. ಮನಸ್ಸಿಗೆ ಬಹಳ ನೋವಾಯಿತು. ಮಾರನೇ ಭಾನುವಾರ ನಕಲುಗಳನ್ನೆಲ್ಲ ಊರಿಗೆ ಒಯ್ದು ಎಲ್ಲರೆದುರು ಹರಡಿ ಓದಿದೆ. ನೀವು ಈ ಕೆಲಸಕ್ಕೆ ಕೈ ಹಾಕುವುದಾದರೆ ಮೊದಲ ಅರ್ಜಿ ಕೊಡುವ ಮುಂಚೆಯೇ ಮನೆಯವರಿಗೆಲ್ಲ ಹೇಳಿ, ಸಿಕ್ಕಿದ್ದನ್ನೆಲ್ಲ ಅವರಿಗೂ ಕೊಡಿ. ಅವತ್ತು ಓದಿ ಮುಗಿಸಿದಾಗ ಆ ತಮ್ಮನೇ, "ಮೂಲಪತ್ರ ಕೊಂಡವರ ಹತ್ತಿರ ಇರಬೇಕಲ್ಲಕ್ಕ?" ಎಂದು ಕೇಳಿದ.

ಅದು ನನಗೆ ಹೊಳೆದಿರಲೇ ಇಲ್ಲ. ಕಚೇರಿಯಲ್ಲಿರುವುದು ಗುಮಾಸ್ತರು ಕೈಯಲ್ಲಿ ಬರೆದುಕೊಂಡ ನಕಲು, ಅಲ್ಲಿ ಸಹಿಯ ಜಾಗದಲ್ಲಿ ಹೆಬ್ಬೆಟ್ಟಿನ ಗುರುತು ಎಂಬ ಮಾತಷ್ಟೇ ಇರುತ್ತದೆ. ಮೂಲಪತ್ರ ಕೊಂಡವರಿಗೆ ಹೋಗುತ್ತದೆ. ಕೊಂಡವರ ಮೊಮ್ಮಕ್ಕಳು ಇಂದಿಗೂ ಆ ಗದ್ದೆ ಉಳುತ್ತಿದ್ದಾರೆ. ನಾನು, ತಮ್ಮ, ದೊಡ್ಡಪ್ಪ ಮೂವರೂ ಹೋದೆವು. ನಮಗೆ ಗದ್ದೆ ಬೇಡ, ಕಾಗದ ನೋಡಿದರೆ ಸಾಕು ಎಂದು ದೊಡ್ಡಪ್ಪ ಜಗುಲಿ ಹತ್ತುವ ಮುಂಚೆಯೇ ಹೇಳಿದರು. ಆ ಮನೆಯ ಹಿರಿಯರು ಕಾಫಿ ಕೊಟ್ಟು, ಒಳಗಿಂದ ತಗಡಿನ ಪೆಟ್ಟಿಗೆ ತಂದು, ಹಳದಿ ಬಟ್ಟೆ ಬಿಚ್ಚಿದರು.

ಗಂಡಭೇರುಂಡದ ಛಾಪಾ ಕಾಗದ. ಮಡಿಕೆಗಳಲ್ಲಿ ಸವೆದು ನಾಲ್ಕು ತುಂಡಾಗುವಂತಿತ್ತು. ಕೆಳಗೆ ಆಕೆಯ ಹೆಸರು ಬೇರೆಯವರ ಕೈಯಲ್ಲಿ ಎರಡು ಭಾಗವಾಗಿ ಬರೆದಿತ್ತು, ನಡುವೆ ಎಡಗೈ ಹೆಬ್ಬೆಟ್ಟು. ಗೆರೆಗಳು ಅಂಚಿನಲ್ಲಿ ಸ್ಪಷ್ಟವಾಗಿದ್ದವು. ಮಧ್ಯದಲ್ಲಿ ಶಾಯಿ ಹಿಡಿದೇ ಇರಲಿಲ್ಲ, ಅಲ್ಲಿ ಚರ್ಮ ಸವೆದು ನುಣುಪಾಗಿದ್ದಿರಬೇಕು. ಒಂದು ಓರೆಗೆರೆ ಅಡ್ಡ ಹಾದುಹೋಗಿತ್ತು, ಕುಡುಗೋಲಿನ ಗಾಯದ ಹಾಗೆ.

ಫೋಟೋ ತೆಗೆದು ತಂದು ಅತ್ತೆಗೆ ತೋರಿಸಿದೆ. ಬಹಳ ಹೊತ್ತು ನೋಡಿದರು. "ಗದ್ದೆಯಲ್ಲಿ ಈಗ ಏನು ಹಾಕವ್ರೆ?" ಎಂದು ಕೇಳಿದರು. ಅಡಿಕೆ ಸಸಿ ಇಟ್ಟಿದ್ದಾರೆ ಅಂದೆ.

ವಂಶವೃಕ್ಷದಲ್ಲಿ ಪೆನ್ನು ನಿಂತಿದ್ದ ಜಾಗದಲ್ಲಿ ಈಗ ಹೆಸರಿದೆ. ಆದರೆ ಪತ್ರದಲ್ಲಿ ಬರುವ ಆ ಹೆಣ್ಣುಮಗು, ಯಾರ ಮದುವೆಗೆಂದು ಗದ್ದೆ ಹೋಯಿತೋ ಆಕೆ, ತಾತನ ಅಕ್ಕನೋ ತಂಗಿಯೋ ಗೊತ್ತಿಲ್ಲ. ಅತ್ತೆ ಆಕೆಯ ವಿಷಯ ಕೇಳಿಯೇ ಇಲ್ಲ. ತಾತನ ಹೆಸರಿನ ಪಕ್ಕದಲ್ಲಿ ಒಂದು ಗೆರೆ ಎಳೆದು ಖಾಲಿ ಬಿಟ್ಟಿದ್ದೇನೆ. ಸುತ್ತಲಿನ ನಾಲ್ಕು ಊರಿನ 1919 ಮತ್ತು 1920ರ ಸೂಚಿಗೆ ಹೋದ ವಾರ ಅರ್ಜಿ ಕೊಟ್ಟು ಬಂದೆ.