ಪುಟ್ಟ ಮಿಲ್ಲಿಂಗ್ ಯಂತ್ರಕ್ಕೆ ಇನ್ನೆರಡು ಬೆರಳಷ್ಟು ಓಟ

ತಿರುಗುವ ಕಟ್ಟರ್‌ನಿಂದ ಲೋಹ ಕೆತ್ತುವ, ಮೇಜಿನ ಮೇಲೆ ಕೂರುವ ಸಣ್ಣ ಮಿಲ್ಲಿಂಗ್ ಯಂತ್ರದಲ್ಲಿ ಕೆಲಸ ಮಾಡುವವರಿಗೆ ಮೋಟಾರಿನ ಶಕ್ತಿ ಸಾಲದೆನ್ನಿಸುವ ಮೊದಲೇ ವೈ ಅಕ್ಷದ ಓಟ, ಎಂದರೆ ಟೇಬಲ್ ಹಿಂದುಮುಂದಕ್ಕೆ ಸರಿಯುವ ದೂರ, ಸಾಲದೆನ್ನಿಸುತ್ತದೆ. ಸೀಗ್ ಕಂಪನಿಯ ಎಕ್ಸ್2 ವರ್ಗದ ಯಂತ್ರವನ್ನೇ ನೋಡಿ. ಟೇಬಲ್ ಎಡಬಲಕ್ಕೆ ಸುಮಾರು 220 ಮಿ.ಮೀ. ಓಡಿದರೆ ಹಿಂದುಮುಂದಕ್ಕೆ ಓಡುವುದು ಸುಮಾರು 100 ಮಿ.ಮೀ. ಮಾತ್ರ. 20 ಮಿ.ಮೀ. ವ್ಯಾಸದ ಕಟ್ಟರ್ ಕೆಲಸದ ತುಂಡಿನ ಎರಡೂ ಬದಿಯಲ್ಲಿ ಪೂರ್ತಿ ಹೊರಬರಬೇಕೆಂದರೆ ಅದರ ವ್ಯಾಸದಷ್ಟು ಓಟ ಅಲ್ಲೇ ಖರ್ಚಾಗುತ್ತದೆ. ಉಳಿಯುವುದು 80.

ಇದಕ್ಕೆ ಇನ್ನು 20ರಿಂದ 35 ಮಿ.ಮೀ. ಸೇರಿಸುವುದು ಮನೆಯ ಕಾರ್ಯಾಗಾರದಲ್ಲೇ ಆಗುವ ಕೆಲಸ. ಟೇಬಲನ್ನು ಸರಿಸುವ ಸ್ಕ್ರೂ ಉದ್ದನೆಯದು ಹಾಕಿದರೆ ಮುಗಿಯಿತು ಎಂಬ ಲೆಕ್ಕ ಮಾತ್ರ ಬೇಡ. ಟೇಬಲನ್ನು ಈಗ ತಡೆಯುತ್ತಿರುವ ವಸ್ತುವನ್ನು ತೆಗೆದರೆ ಅದರ ಹಿಂದೆ ಇನ್ನೊಂದು ತಡೆ ಕಾದು ಕುಳಿತಿರುತ್ತದೆ. ಆ ಸಾಲಿನಲ್ಲಿ ಅತಿ ಕಡಿಮೆ ಜಾಗ ಬಿಡುವ ಭಾಗ ಯಾವುದೋ, ನಿಮಗೆ ದಕ್ಕುವ ಓಟವೂ ಅಷ್ಟೇ.

ಮೊದಲು ಅಳತೆ

ವಿದ್ಯುತ್ ಪ್ಲಗ್ ಕಳಚಿ, ಯಂತ್ರದ ಮೇಲಿನ ಲೋಹದ ಚೂರುಗಳನ್ನೆಲ್ಲ ಗುಡಿಸಿ ತೆಗೆಯಿರಿ. ಟೇಬಲ್ ಮೇಲೆ ದಪ್ಪ ಕಾಗದ ಅಂಟಿಸಿ. ಕಟ್ಟರನ್ನು ಹಿಡಿದು ತಿರುಗಿಸುವ ಸ್ಪಿಂಡಲ್‌ಗೆ ಮೊನೆಯುಳ್ಳ ಸರಳೊಂದನ್ನು ಸಿಕ್ಕಿಸಿ, ಕಾಗದಕ್ಕೆ ತಾಗುವಷ್ಟು ಇಳಿಸಿ, ಎರಡೂ ಅಕ್ಷಗಳನ್ನು ಕೊನೆಯಿಂದ ಕೊನೆಗೆ ಓಡಿಸಿ. ಕಾಗದದ ಮೇಲೆ ಮೂಡುವ ಆಯತವೇ ಕಟ್ಟರ್ ತಲುಪಬಲ್ಲ ಕ್ಷೇತ್ರ. ಅದು ಟೇಬಲಿನ ಮಧ್ಯಕ್ಕೆ ಸರಿಯಾಗಿ ಕೂತಿರುವುದು ಅಪರೂಪ. ಹಿಂಬದಿಯಲ್ಲಿ ಎಷ್ಟು ಬಿಟ್ಟುಹೋಗಿದೆ, ಮುಂಬದಿಯಲ್ಲಿ ಎಷ್ಟು ಎಂಬುದನ್ನು ಬರೆದಿಟ್ಟುಕೊಳ್ಳಿ. ಈ ಎರಡು ಸಂಖ್ಯೆಗಳಿಲ್ಲದೆ ಯಾವ ಭಾಗವನ್ನೂ ಬಿಚ್ಚಬಾರದು ಎಂದೇ ಹೇಳುತ್ತೇನೆ. ಮುಂದಿನ ಪ್ರತಿ ತೀರ್ಮಾನವೂ ಇವುಗಳ ಮೇಲೆ ನಿಲ್ಲುತ್ತದೆ.

ಬಳಿಕ ಟೇಬಲನ್ನು ಹಿಂದಿನ ಕಂಬದ (ಸ್ಪಿಂಡಲ್ ಇರುವ ಹೆಡ್ಡನ್ನು ಹೊತ್ತದ್ದು) ಕಡೆಗೆ ಪೂರ್ತಿ ಸರಿಸಿ, ಟಾರ್ಚ್ ಹಿಡಿದು ನೋಡಿ. ತಾಗಿರುವುದು ಯಾವುದು? ಸ್ಯಾಡಲಿನ (ಟೇಬಲನ್ನು ಹೊತ್ತು, ಯಂತ್ರದ ತಳವಾದ ಬೇಸ್ ಮೇಲೆ ಹಿಂದುಮುಂದಕ್ಕೆ ಜಾರುವ ಭಾಗ) ಹಿಂಬದಿಯೇ, ಟೇಬಲಿನ ಅಂಚೇ, ಮಡಿಚಿಕೊಂಡ ರಬ್ಬರ್ ಹೊದಿಕೆಯೇ, ಅಥವಾ ಸ್ಕ್ರೂವಿನ ಥ್ರೆಡ್ ಮುಗಿದುಹೋಯಿತೇ? ಈಗ ಟೇಬಲನ್ನು ನಿಮ್ಮ ಕಡೆಗೆ ಪೂರ್ತಿ ಎಳೆದು ನೋಡಿ. ಇಲ್ಲಿ ಸಾಮಾನ್ಯವಾಗಿ ಸ್ಯಾಡಲಿನ ಕೆಳಗೆ ನೇತಾಡುವ ನಟ್ ಹೋಗಿ ಬೇಸ್‌ನ ಮುಂದೆ ಸ್ಕ್ರೂವನ್ನು ಹಿಡಿದಿರುವ ಬೇರಿಂಗ್ ಬ್ರ್ಯಾಕೆಟ್‌ಗೆ ಬಡಿಯುತ್ತದೆ.

ಕತ್ತರಿಸದೆ ಸಿಗುವ ಮಿಲಿಮೀಟರುಗಳು

ರಬ್ಬರ್ ಹೊದಿಕೆ ಎಷ್ಟೇ ಮಡಿಚಿದರೂ ಸ್ವಲ್ಪ ಜಾಗ ಹಿಡಿಯುತ್ತದೆ. ಅದನ್ನು ತೆಗೆದು ತೆಳುವಾದ ರಬ್ಬರ್ ಹಾಳೆಯನ್ನು ಸಡಿಲವಾಗಿ ಇಳಿಬಿಟ್ಟರೆ ಅಷ್ಟು ಓಟ ಪುಕ್ಕಟೆ. ಉದ್ದನೆಯ ಲಾಕ್ ಹಿಡಿ ಎಲ್ಲಾದರೂ ತಾಗುತ್ತಿದ್ದರೆ ಗಿಡ್ಡದ್ದು ಹಾಕಿ. ಕೆಲಸದ ತುಂಡನ್ನು ಕಚ್ಚಿ ಹಿಡಿಯುವ ವೈಸ್ ಕಡೆಗೂ ಒಮ್ಮೆ ನೋಡಿ. ಪುಟ್ಟ ಟೇಬಲ್ ಮೇಲೆ ದೊಡ್ಡ ಯಂತ್ರದ ವೈಸ್ ಕೂರಿಸಿ ಓಟ ಸಾಲದೆಂದು ಗೊಣಗುವವರು ಬಹಳ. ಅವರಲ್ಲಿ ಅನೇಕರಿಗೆ ಚಿಕ್ಕ ಟೂಲ್‌ಮೇಕರ್ ವೈಸ್ ಒಂದೇ ಮದ್ದು.

ಎಲ್ಲಿ ಕೆಲಸ ಮಾಡಿದರೆ ಎಲ್ಲಿ ಲಾಭ

ಇದು ಅನೇಕರು ಎಡವುವ ಜಾಗ. ಕಂಬ ಮತ್ತು ಬೇಸ್ ನಡುವೆ ಸ್ಪೇಸರ್ (ಅಂತರ ಕೊಡುವ ಲೋಹದ ತಟ್ಟೆ) ಇಟ್ಟು ಕಂಬವನ್ನು 20 ಮಿ.ಮೀ. ಹಿಂದೆ ಸರಿಸಿದಿರಿ ಎನ್ನೋಣ. ಸ್ಯಾಡಲ್ 20 ಮಿ.ಮೀ. ಹೆಚ್ಚು ಹಿಂದೆ ಹೋಗುತ್ತದೆ, ನಿಜ. ಆದರೆ ಸ್ಪಿಂಡಲ್ ಕೂಡ ಅಷ್ಟೇ ಹಿಂದೆ ಹೋಗಿದೆ. ಹಾಗಾಗಿ ಟೇಬಲಿನ ಮುಂಬದಿಯಲ್ಲಿ ಕಟ್ಟರ್ ತಲುಪುವ ಗೆರೆ ಇದ್ದಲ್ಲೇ ಇರುತ್ತದೆ; ಟೇಬಲನ್ನು ನಿಮ್ಮತ್ತ ಎಳೆದಾಗ ಕಟ್ಟರ್ ಹಿಂಬದಿಯ ಅಂಚಿನ ಕಡೆ 20 ಮಿ.ಮೀ. ಹೆಚ್ಚು ತಲುಪುತ್ತದೆ. ಮುಂದಿನ ಬ್ರ್ಯಾಕೆಟ್ಟನ್ನು ಹೊರಗೆ ಸರಿಸಿದರೂ ಲಾಭ ಟೇಬಲಿನ ಹಿಂಬದಿಗೇ.

ಮುಂಬದಿಯ ಪಟ್ಟಿ ಬೇಕಿದ್ದರೆ ಸ್ಯಾಡಲಿನ ಅಥವಾ ಟೇಬಲಿನ ಹಿಂಭಾಗ ಕಂಬಕ್ಕೆ ತಾಗುವಲ್ಲಿ ಲೋಹ ತೆಗೆಯಬೇಕು. ಅಲ್ಲಿ ಗಿಬ್ (ಜಾರುವ ಭಾಗಗಳ ಸಡಿಲ ತೆಗೆಯುವ ಪಟ್ಟಿ) ಮತ್ತು ಡವ್‌ಟೇಲ್‌ನ (ಅವು ಜಾರುವ ಓರೆಯಂಚಿನ ಹಳಿ) ಗೋಡೆ ಹತ್ತಿರದಲ್ಲೇ ಇರುವುದರಿಂದ ನಾಲ್ಕೈದು ಮಿಲಿಮೀಟರಿಗಿಂತ ಹೆಚ್ಚು ಆಸೆಪಡಬಾರದು. ಹೆಡ್ ಮತ್ತು ಅದರ ಜಾರುಪಟ್ಟಿಯ ನಡುವೆ ತುಂಡೊಂದನ್ನು ಇಟ್ಟು ಸ್ಪಿಂಡಲನ್ನು ಮುಂದಕ್ಕೆ ತರುವ ಉಪಾಯವೂ ಇದೆ. ಅದು ಓಟವನ್ನು ಹೆಚ್ಚಿಸುವುದಿಲ್ಲ, ಇರುವ ಆಯತವನ್ನೇ ಮುಂದೆ ಸರಿಸುತ್ತದೆ. ನಿಮ್ಮ ಕಾಗದದ ಮೇಲೆ ಮುಂಬದಿ ಮಾತ್ರ ಖಾಲಿ ಉಳಿದಿದ್ದರೆ ಅದೇ ಸಾಕಾಗಬಹುದು.

ಸ್ಪೇಸರ್ ತಯಾರಿ

ಕಂಬ ಬೇಸ್‌ನ ಹಿಂಬದಿಯ ನೆಟ್ಟಗಿನ ಮುಖಕ್ಕೆ ಬೋಲ್ಟ್ ಆಗಿರುವ ಯಂತ್ರಗಳಿಗೆ ಮುಂದಿನ ಮಾತು ಅನ್ವಯ. ಕಂಬ ಬೇಸ್‌ನ ನೆತ್ತಿಯ ಮೇಲೆ ಕೂತಿದ್ದರೆ ಬೇಸನ್ನೇ ವಿಸ್ತರಿಸುವ ದಪ್ಪ ತಟ್ಟೆ ಬೇಕಾಗುತ್ತದೆ. ಅದು ಬೇರೆಯೇ ಪ್ರಮಾಣದ ಕೆಲಸ. ಕಂಬ ಓರೆಯಾಗಲೆಂದು ಒಂದೇ ದೊಡ್ಡ ನಟ್ ಮೇಲೆ ನಿಲ್ಲಿಸಿದ ಯಂತ್ರ ನಿಮ್ಮದಾಗಿದ್ದರೆ, ಹೊಸ ಸ್ಪೇಸರ್ ಮೂಲಕ ನಾಲ್ಕು ಬೋಲ್ಟ್‌ಗಳ ಗಟ್ಟಿ ಹಿಡಿತ ಕೊಡಲು ಇದೇ ಸರಿಯಾದ ಸಂದರ್ಭ. ಓರೆಯ ಸೌಲಭ್ಯ ಕಳೆದುಕೊಂಡು ಪಶ್ಚಾತ್ತಾಪಪಡುವವರು ಕಡಿಮೆ.

ಸ್ಪೇಸರನ್ನು ಯಂತ್ರ ಬಿಚ್ಚುವ ಮೊದಲೇ ಅದೇ ಯಂತ್ರದಲ್ಲಿ ಮಾಡಿ ಮುಗಿಸಿ. ಬಿಚ್ಚಿದ ಮೇಲೆ ಮಿಲ್ಲಿಂಗ್ ಯಂತ್ರ ಬೇಕಾಯಿತೆಂದರೆ ಯಾರ ಬಾಗಿಲು ತಟ್ಟುತ್ತೀರಿ? ಉಕ್ಕು ಅಥವಾ ಎರಕದ ಕಬ್ಬಿಣ ಆರಿಸಿಕೊಳ್ಳಿ. ಅಲ್ಯೂಮಿನಿಯಂ ಕೊರೆಯಲು ಸುಲಭ, ಆದರೆ ಅದರ ಬಿಗುವು ಉಕ್ಕಿನ ಮೂರನೇ ಒಂದು ಭಾಗ ಮಾತ್ರ. ದಪ್ಪ 20 ಮಿ.ಮೀ. ಇರಲಿ; 25 ಮೀರುವುದು ಈ ಗಾತ್ರದ ಯಂತ್ರಕ್ಕೆ ಹಿತವಲ್ಲ.

ಮೊದಲು ಒಂದು ಮುಖವನ್ನು ಸಮ ಮಾಡಿ. ಆ ಮುಖವನ್ನೇ ಕೆಳಗಿಟ್ಟು ಇನ್ನೊಂದನ್ನು ತೆಗೆಯಿರಿ. ಅಂಚುಗಳ ಮುಳ್ಳುಗಳನ್ನು ಅರದಿಂದ ಉಜ್ಜಿ, ನಾಲ್ಕೂ ಮೂಲೆಗಳನ್ನು ಮೈಕ್ರೋಮೀಟರ್‌ನಿಂದ ಅಳೆಯಿರಿ. ವ್ಯತ್ಯಾಸ 0.01 ಮಿ.ಮೀ.ಗಿಂತ ಕಡಿಮೆ ಇರಬೇಕು. ಇದು ಅತಿ ಎನ್ನಿಸಿದರೆ ಲೆಕ್ಕ ಹಾಕಿ: 100 ಮಿ.ಮೀ. ಎತ್ತರದ ಸ್ಪೇಸರ್‌ನಲ್ಲಿ 0.02 ಮಿ.ಮೀ. ಓರೆಯಿದ್ದರೆ 250 ಮಿ.ಮೀ. ಎತ್ತರದಲ್ಲಿ ಕಂಬ 0.05 ಮಿ.ಮೀ. ವಾಲುತ್ತದೆ. ಸರ್ಫೇಸ್ ಗ್ರೈಂಡಿಂಗ್ ಮಾಡಿಕೊಡುವವರು ಸಿಕ್ಕರೆ ಆ ಎರಡು ಮುಖಗಳನ್ನು ಅವರಿಗೇ ಒಪ್ಪಿಸುವುದು ಜಾಣತನ.

ಬೋಲ್ಟ್‌ಗಳು ಹಳೆಯವಕ್ಕಿಂತ ಸ್ಪೇಸರ್‌ನ ದಪ್ಪದಷ್ಟು ಹೆಚ್ಚು ಉದ್ದವಾಗಬೇಕು. ಎರಕದ ಕಬ್ಬಿಣದೊಳಗೆ ಅವು ಕನಿಷ್ಠ ತಮ್ಮ ವ್ಯಾಸದ ಒಂದೂವರೆ ಪಟ್ಟು ಕಚ್ಚಿರಲಿ, ಎಂ10 (10 ಮಿ.ಮೀ. ವ್ಯಾಸದ) ಬೋಲ್ಟ್‌ಗೆ 15 ಮಿ.ಮೀ. ಸ್ಪೇಸರ್‌ನ ಮೇಲಂಚು ಸ್ಯಾಡಲಿಗೆ ಅಡ್ಡ ಬರದಂತೆ ತಗ್ಗಾಗಿರಬೇಕು. ಸ್ಕ್ರೂವಿನ ಹಿಂತುದಿ ಹಾದುಹೋಗಲು ಒಂದು ರಂಧ್ರವನ್ನೂ ಈಗಲೇ ಕೊರೆದಿಡಿ.

ಸ್ಕ್ರೂ ಮತ್ತು ನಟ್

ಮುಂದಿನ ಬ್ರ್ಯಾಕೆಟ್ ಹಿಂದೆ 15 ಮಿ.ಮೀ. ತುಂಡುಗಳನ್ನಿಟ್ಟು ಅದನ್ನು ಹೊರಗೆ ಸರಿಸಿದರೆ ನಟ್‌ಗೆ ಮುಂದೆ ಜಾಗ ಸಿಗುತ್ತದೆ. ಆದರೆ ಸ್ಕ್ರೂ ಇಡಿಯಾಗಿ 15 ಮಿ.ಮೀ. ಮುಂದೆ ಬಂದಿತಲ್ಲ! ಮುಂದೆ ಗಳಿಸಿದ್ದನ್ನು ಹಿಂದೆ ಕಳೆದುಕೊಳ್ಳಬಾರದೆಂದರೆ ಸ್ಕ್ರೂ ಅಷ್ಟು ಉದ್ದವಾಗಬೇಕು. ಕಂಬದ ಸ್ಪೇಸರ್ 20 ಮಿ.ಮೀ. ಇದ್ದರೆ ಅದೂ ಸೇರಿ ಹೊಸ ಸ್ಕ್ರೂ ಹಳೆಯದಕ್ಕಿಂತ 35 ಮಿ.ಮೀ. ಉದ್ದ.

ತರಿಸುವ ಮೊದಲು ಥ್ರೆಡ್‌ನ ದಿಕ್ಕು ಪರೀಕ್ಷಿಸಿ. ಹಿಡಿಯನ್ನು ಗಡಿಯಾರದ ದಿಕ್ಕಿನಲ್ಲಿ ತಿರುಗಿಸಿದರೆ ಟೇಬಲ್ ಆ ಹಿಡಿಯಿಂದ ದೂರ ಸರಿಯಬೇಕೆಂಬುದು ರೂಢಿ. ಎಕ್ಸ್ (ಎಡಬಲದ) ಅಕ್ಷದಲ್ಲಿ ಸ್ಕ್ರೂ ಟೇಬಲಿನ ಜೊತೆಗೇ ಚಲಿಸುವುದರಿಂದ ಸಾಮಾನ್ಯ ಬಲಗೈ ಥ್ರೆಡ್ ಸಾಕು. ವೈ ಅಕ್ಷದಲ್ಲಿ ಸ್ಕ್ರೂ ನಿಂತಲ್ಲೇ ತಿರುಗಿ ನಟ್ಟನ್ನು ಓಡಿಸುತ್ತದೆ. ಅದೇ ರೂಢಿ ಉಳಿಯಬೇಕಾದರೆ ಎಡಗೈ ಥ್ರೆಡ್ ಬೇಕು. ಪಿಚ್ ಕೂಡ ಹಳೆಯದೇ ಇರಲಿ, ಇಲ್ಲವಾದರೆ ಹಿಡಿಯ ಡಯಲ್ ಸುಳ್ಳು ಹೇಳತೊಡಗುತ್ತದೆ. ಇಂಚಿಗೆ 16 ಸುತ್ತಿನ ಸ್ಕ್ರೂ ಒಂದು ಸುತ್ತಿಗೆ 1.5875 ಮಿ.ಮೀ. ಸರಿಯುತ್ತದೆ, ಅದರ ಜಾಗಕ್ಕೆ 1.5 ಮಿ.ಮೀ.ನದು ನೋಡಲು ಹೊಂದುವಂತಿದ್ದರೂ ಹೊಂದುವುದಿಲ್ಲ. 29 ಡಿಗ್ರಿಯ ಆಕ್ಮೆ ಥ್ರೆಡ್ ಮತ್ತು 30 ಡಿಗ್ರಿಯ ಮೆಟ್ರಿಕ್ ಟ್ರೆಪೆಜಾಯ್ಡಲ್ ಥ್ರೆಡ್ ಕಣ್ಣಿಗೆ ಅವಳಿಗಳಂತೆ ಕಾಣುತ್ತವೆ. ಒಂದರ ನಟ್ಟನ್ನು ಇನ್ನೊಂದಕ್ಕೆ ಹಾಕಬೇಡಿ.

ನಟ್ಟನ್ನು ಗಿಡ್ಡ ಮಾಡಿ ಓಟ ಗಳಿಸುವವರಿದ್ದಾರೆ. ಸ್ಕ್ರೂವಿನ ವ್ಯಾಸದ ಒಂದೂವರೆ ಪಟ್ಟಿಗಿಂತ ಕಡಿಮೆ ಮಾಡಿದರೆ ಅದು ಬೇಗ ಸವೆಯುತ್ತದೆ. ನಟ್ ಕೂರುವ ಜಾಗವನ್ನೇ ಬದಲಾಯಿಸುವುದು ಅದಕ್ಕಿಂತ ಮೇಲು.

ಹೊರಚಾಚಿನ ಮಿತಿ

ಸ್ಯಾಡಲ್ ಬೇಸ್‌ನ ಡವ್‌ಟೇಲ್‌ನಿಂದ ಹೊರಗೆ ಚಾಚಿದಂತೆಲ್ಲ, ಪೂರ್ತಿ ಎಳೆದ ಮೇಜಿನ ಡ್ರಾಯರ್ ಹಾಗೆ, ಅಲುಗಾಟ ಬೆಳೆಯುತ್ತದೆ. ಗಿಬ್‌ನಲ್ಲಿ 0.03 ಮಿ.ಮೀ. ಸಡಿಲವಿದೆ, 120 ಮಿ.ಮೀ. ಉದ್ದ ಹಿಡಿತವಿದೆ ಎಂದುಕೊಳ್ಳಿ. ಮಧ್ಯದಿಂದ 200 ಮಿ.ಮೀ. ದೂರದ ಟೇಬಲ್ ತುದಿ 0.05 ಮಿ.ಮೀ. ಆಡುತ್ತದೆ. ಹಿಡಿತ 80 ಮಿ.ಮೀ.ಗೆ ಇಳಿದರೆ ಅದು 0.075. ಆದ್ದರಿಂದ ಸ್ಯಾಡಲಿನ ಮೂರನೇ ಎರಡು ಭಾಗವಾದರೂ ಸದಾ ಬೇಸ್ ಮೇಲಿರಬೇಕೆಂಬುದು ನಾನು ಬಿಡದ ನಿಯಮ. ಸ್ಪೇಸರ್‌ನ ದಪ್ಪವನ್ನೂ ಬ್ರ್ಯಾಕೆಟ್‌ನ ಚಾಚನ್ನೂ ಕೊನೆಗೆ ತೀರ್ಮಾನಿಸುವುದು ಇದೇ.

ಜೋಡಣೆ

ಹೆಡ್ ಭಾರವಾದದ್ದು, ಬಿಚ್ಚುವಾಗ ಜೊತೆಗೊಬ್ಬರು ಇರಲಿ. ಗಿಬ್ ಸ್ಕ್ರೂಗಳನ್ನು ಬಂದ ಕ್ರಮದಲ್ಲೇ ಎತ್ತಿಡಿ. ಸೇರುವ ಮುಖಗಳ ಮೇಲಿನ ಬಣ್ಣ, ಎಣ್ಣೆ, ಗಂಟುಗಳನ್ನು ತೆಗೆದು ಸ್ಪೇಸರ್ ಕೂರಿಸಿ, ಬೋಲ್ಟ್‌ಗಳನ್ನು ಕರ್ಣಕ್ರಮದಲ್ಲಿ ಸ್ವಲ್ಪ ಸ್ವಲ್ಪವೇ ಬಿಗಿಯಿರಿ.

ಸ್ಪಿಂಡಲ್‌ಗೆ ಸೂಕ್ಷ್ಮ ಏರಿಳಿತ ತೋರಿಸುವ ಡಯಲ್ ಇಂಡಿಕೇಟರ್ ಕಟ್ಟಿ ಟೇಬಲ್ ಮೇಲೆ 150 ಮಿ.ಮೀ. ವ್ಯಾಸದ ವೃತ್ತ ಸುತ್ತಿಸಿ. ಎಡಬಲ ವ್ಯತ್ಯಾಸ ಕಂಡರೆ ಕಂಬವನ್ನು ತುಸು ತಿರುಗಿಸಿ ಸರಿಪಡಿಸಬಹುದು. ಹಿಂದುಮುಂದಿನ ವ್ಯತ್ಯಾಸಕ್ಕೆ ಶಿಮ್, ಎಂದರೆ ಸೇರುವ ಮುಖಗಳ ನಡುವೆ ಇಡುವ ತೆಳು ಹಾಳೆ, ಬೇಕು. ಉದಾಹರಣೆಗೆ ಇಂಡಿಕೇಟರ್ 0.06 ಮಿ.ಮೀ. ವ್ಯತ್ಯಾಸ ತೋರಿಸಿ, ಮೇಲಿನ ಮತ್ತು ಕೆಳಗಿನ ಬೋಲ್ಟ್‌ಗಳ ನಡುವೆ 80 ಮಿ.ಮೀ. ಅಂತರವಿದ್ದರೆ, 0.06ನ್ನು 80ರಿಂದ ಗುಣಿಸಿ 150ರಿಂದ ಭಾಗಿಸಿ: ಸುಮಾರು 0.03 ಮಿ.ಮೀ. ಶಿಮ್. ಕಂಬ ಮುಂದಕ್ಕೆ ವಾಲಿದ್ದರೆ ಅದನ್ನು ಮೇಲಿನ ಬೋಲ್ಟ್‌ಗಳ ಬಳಿ, ಹಿಂದಕ್ಕೆ ವಾಲಿದ್ದರೆ ಕೆಳಗಿನವುಗಳ ಬಳಿ ಇಡಬೇಕು. ಬಿಗಿದು, ಮತ್ತೆ ಸುತ್ತಿಸಿ ನೋಡಿ. ಈ ಕೆಲಸಕ್ಕೆ ಒಂದು ಇಡೀ ಸಂಜೆ ಎತ್ತಿಟ್ಟುಕೊಳ್ಳುವುದು ಒಳ್ಳೆಯದು.

ಹಳೆಯ ಯಂತ್ರವಾದರೆ ಗಿಬ್ ಹೊಂದಿಸುವಾಗ ತಕರಾರು ಎದುರಾಗುತ್ತದೆ. ಡವ್‌ಟೇಲ್‌ನ ಮಧ್ಯಭಾಗ ಸವೆದಿರುತ್ತದೆ, ಸ್ಯಾಡಲ್ ಎಂದೂ ತುಳಿಯದ ತುದಿಗಳು ಸವೆದಿರುವುದಿಲ್ಲ. ಮಧ್ಯಕ್ಕೆ ಹೊಂದಿಸಿದ ಗಿಬ್ ತುದಿಯಲ್ಲಿ ಕಚ್ಚಿಕೊಳ್ಳುತ್ತದೆ. ತುದಿಗೆ ಹೊಂದಿಸಿ, ಮಧ್ಯದ ಸಡಿಲವನ್ನು ಸಹಿಸಿಕೊಳ್ಳುವುದೊಂದೇ ದಾರಿ. ಕೆರೆದು ಸಮಮಾಡುವ ಕಲೆ ಬಲ್ಲವರ ಮಾತು ಬೇರೆ.

ಉಳಿದ ಎರಡು ಅಕ್ಷಗಳು

ಎಕ್ಸ್ ಅಕ್ಷಕ್ಕೆ ಉದ್ದನೆಯ ಟೇಬಲ್ ಮತ್ತು ಅದಕ್ಕೆ ತಕ್ಕ ಸ್ಕ್ರೂ ಬಿಟ್ಟರೆ ದೊಡ್ಡ ಉಪಾಯವಿಲ್ಲ. ಅದೇ ಯಂತ್ರದ ದೊಡ್ಡ ಮಾದರಿಯ ಟೇಬಲ್ ಹೊಂದಿದರೆ ಅದೃಷ್ಟ. ಝೆಡ್ (ಮೇಲೆಕೆಳಗಿನ) ಅಕ್ಷದ ವಿಷಯದಲ್ಲಿ, ಕಂಬದ ಕೆಳಗೆ ತುಂಡು ಇಟ್ಟು ಎತ್ತರಿಸಿದರೆ ಎತ್ತರದ ಕೆಲಸ ಹಿಡಿಸುತ್ತದೆಯೇ ಹೊರತು ಓಟ ಹೆಚ್ಚುವುದಿಲ್ಲ.

ಚಾಲೂ ಮಾಡುವ ಮೊದಲು

ಕಂಬ ಹಿಂದೆ ಸರಿದದ್ದರಿಂದ ಯಂತ್ರದ ಭಾರವೂ ಹಿಂದೆ ಸರಿದಿದೆ. ಬೇಸನ್ನು ಮೇಜಿಗೆ ಬೋಲ್ಟ್ ಹಾಕಿ ಬಿಗಿಯಿರಿ. ಸ್ಯಾಡಲಿನ ಹಿಂದೆ ತೆರೆದುಕೊಂಡ ಹೊಸ ಸಂದಿಯಿಂದ ಚೂರುಗಳು ನೇರವಾಗಿ ಸ್ಕ್ರೂ ಮೇಲೆ ಬೀಳುವುದರಿಂದ ಅಲ್ಲಿಗೊಂದು ಹೊದಿಕೆ ಹಾಕಿ. ಡಿಜಿಟಲ್ ಅಳತೆಪಟ್ಟಿ ಇದ್ದರೆ ಅದರ ತುದಿ ಹೊಸ ಮಿತಿಯಲ್ಲಿ ಎಲ್ಲಿಗಾದರೂ ಬಡಿಯುತ್ತದೆಯೇ ನೋಡಿ. ಕೈಯಿಂದ ತಿರುಗಿಸಿಯೇ ಎರಡೂ ಕೊನೆ ಮುಟ್ಟಿ ಬನ್ನಿ, ಆಮೇಲೆ ಅಲ್ಯೂಮಿನಿಯಂ ತುಂಡಿನ ಮೇಲೆ 0.2 ಮಿ.ಮೀ. ಆಳದ ಕಡಿತ ತೆಗೆದು ಮಧ್ಯದ ಮತ್ತು ಕೊನೆಯ ಮೇಲ್ಮೈಗಳನ್ನು ಹೋಲಿಸಿ. ಸ್ಯಾಡಲ್ ಪೂರ್ತಿ ಬೇಸ್ ಮೇಲೆಯೇ ಇರುವ ಭಾಗದ ಆರಂಭ ಮತ್ತು ಅಂತ್ಯಕ್ಕೆ ಬೇಸ್‌ನ ಬದಿಯಲ್ಲಿ ಎರಡು ಗೆರೆ ಗೀರಿ. ಆ ಗೆರೆಗಳ ಒಳಗೆ ಎಂದಿನ ಕಡಿತ, ಹೊರಗೆ ಹೋದಾಗ ಅದರ ಅರ್ಧ.