ಪ್ಲಾಟ್‌ಫಾರ್ಮ್ ಗೇಮ್‌ಗೆ ಜೆಲ್ಲಿಫಿಶ್ ಕಟ್ಟುವುದು: ಏರಿಳಿತದ ಲೆಕ್ಕ, ಕುಟುಕಿನ ಅಳತೆ

ಪ್ಲಾಟ್‌ಫಾರ್ಮ್ ಗೇಮ್‌ನ ಜೆಲ್ಲಿಫಿಶ್‌ಗೆ ಬುದ್ಧಿ ಕೊಡಲು ಹೋಗಬೇಡಿ. ಆಟಗಾರನನ್ನು ಅಟ್ಟಿಸಿಕೊಂಡು ಬರುವ ಕೋಡ್ ಬರೆದ ತಕ್ಷಣ ಅದು ಬಾವಲಿಯೋ ದೆವ್ವವೋ ಆಗಿಬಿಡುತ್ತದೆ, ಚಿತ್ರ ಮಾತ್ರ ಜೆಲ್ಲಿಫಿಶ್‌ನದು. ತನ್ನ ಪಾಡಿಗೆ ತಾನು ಏರಿ ಇಳಿಯುತ್ತಿರಬೇಕು, ಆ ತಾಳವನ್ನು ಆಟಗಾರ ನೋಡಿ ಹಿಡಿಯುವಂತಿರಬೇಕು. ಅದರ ಬಂಡವಾಳ ಅಷ್ಟೇ. ಕೆಳಗಿನ ಅಳತೆಗಳು ಗೊಡೋ 4 ಎಂಬ ಗೇಮ್ ಎಂಜಿನ್‌ಗೆ: ಪರದೆ 320×180 ಪಿಕ್ಸೆಲ್, ಟೈಲ್ (ಲೆವೆಲ್ ಕಟ್ಟುವ ಚೌಕ) 16 ಪಿಕ್ಸೆಲ್, ಆಟಗಾರ 10 ಅಗಲ, 14 ಎತ್ತರ. ಎಂಜಿನ್ ಬೇರೆಯಾದರೂ ಲೆಕ್ಕ ಬದಲಾಗುವುದಿಲ್ಲ.

ಮಿಡಿತ

ಹೆಚ್ಚಿನವರು ಎಡವುವುದು ಸೈನ್ ಅಲೆ ಹಾಕಿ. ಸೈನ್‌ನಲ್ಲಿ ಏರಿಕೆಗೂ ಇಳಿಕೆಗೂ ಸಮಪಾಲು, ಹಾಗಾಗಿ ಅದು ಲಿಫ್ಟ್‌ನಂತೆ ಕಾಣುತ್ತದೆ. ನಿಜದ ಜೆಲ್ಲಿಫಿಶ್ ಕೊಡೆಯನ್ನು ಚುರುಕಾಗಿ ಒಳಕ್ಕೆ ಸೆಳೆದು ನೀರನ್ನು ತಳ್ಳುತ್ತದೆ. ಮತ್ತೆ ಅರಳುವುದು ನಿಧಾನ, ಅದೂ ಬಹುಮಟ್ಟಿಗೆ ಸ್ನಾಯುವಿನ ಬಲದಿಂದಲ್ಲ, ಹಿಗ್ಗಿ ಕುಗ್ಗುವ ಮೈಯ ಗುಣದಿಂದ. ಗೇಮ್‌ನಲ್ಲೂ ಹಾಗೇ ಇರಲಿ, ಏರಿಕೆ ಚಿಕ್ಕದು, ಇಳಿಕೆ ಉದ್ದ.

ಮೂರು ಸಂಖ್ಯೆ ಸಾಕು. ಮಿಡಿದಾಗ ಲಂಬ ವೇಗ ಸೆಕೆಂಡಿಗೆ −80 ಪಿಕ್ಸೆಲ್ (ಗೊಡೋದಲ್ಲಿ ಮೇಲ್ಮುಖ ಋಣ), ಮುಳುಗುವ ವೇಗ 16, ಎಳೆತದ ದರ 3. ಪ್ರತಿ ಫಿಸಿಕ್ಸ್ ಫ್ರೇಮ್‌ನಲ್ಲಿ ವೇಗವನ್ನು 16ರ ಕಡೆಗೆ ಲರ್ಪ್ ಮಾಡಿ (ಅಂದರೆ ಗುರಿಯತ್ತ ಒಂದು ಪಾಲು ಜರುಗಿಸಿ), ಆ ಪಾಲಿನ ತೂಕವಾಗಿ 1 − ಎಕ್ಸ್‌ಪ್(−3 × ಡೆಲ್ಟಾ) ಕೊಡಿ (ಡೆಲ್ಟಾ ಎಂದರೆ ಹಿಂದಿನ ಫ್ರೇಮ್‌ನಿಂದ ಕಳೆದ ಸಮಯ), ಆಮೇಲೆ ಜಾಗ ಬದಲಿಸಿ. ತೂಕಕ್ಕೆ ಸುಮ್ಮನೆ 0.05 ಎಂದು ಬರೆದು ಅದನ್ನು ಫಿಸಿಕ್ಸ್ ಬಿಟ್ಟು ಸಾಮಾನ್ಯ ಪ್ರೊಸೆಸ್‌ನಲ್ಲಿಟ್ಟರೆ, 144 ಹರ್ಟ್ಸ್ ಪರದೆಯಲ್ಲಿ ಜೆಲ್ಲಿಫಿಶ್ ಬೇರೆಯೇ ಎತ್ತರಕ್ಕೆ ಹೋಗುತ್ತದೆ.

ಈ ಅಳತೆಯಲ್ಲಿ ಅದು ಸುಮಾರು 0.6 ಸೆಕೆಂಡಿನಲ್ಲಿ 17 ಪಿಕ್ಸೆಲ್ ಏರಿ, 1.4 ಸೆಕೆಂಡಿನಲ್ಲಿ ಅಷ್ಟೇ ಇಳಿದು ಮೊದಲಿನ ಜಾಗಕ್ಕೆ ಬರುತ್ತದೆ. ಸೂತ್ರ ಇದು: ಮಿಡಿತದ ವೇಗಕ್ಕೆ ಮುಳುಗುವ ವೇಗ ಕೂಡಿ, ದರದಿಂದ ಭಾಗಿಸಿ, ಆ ಉತ್ತರ ಮುಳುಗುವ ವೇಗ ಗುಣಿಸು ಅವಧಿಗೆ ಸಮ ಇರಬೇಕು. ಇಲ್ಲಿ 96 ÷ 3 = 32, 16 × 2 = 32. ಎತ್ತರ ಇಮ್ಮಡಿ ಬೇಕಿದ್ದರೆ ಎರಡೂ ವೇಗಗಳನ್ನು ಇಮ್ಮಡಿ ಮಾಡಿ, ಅವಧಿ ಮುಟ್ಟಬೇಡಿ.

ಕಾಗದದ ಮೇಲೆ ಸರಿ. ಓಡಿಸಿ ನೋಡಿದರೆ ಜೆಲ್ಲಿಫಿಶ್ ಮೆಲ್ಲಗೆ ತಳ ಸೇರುತ್ತಿರುತ್ತದೆ. ಸೆಕೆಂಡಿಗೆ 60 ತುಂಡುಗಳಾಗಿ ಲೆಕ್ಕ ಹಾಕುವುದರಿಂದ ಪ್ರತಿ ಸುತ್ತಿಗೆ ಸುಮಾರು 0.9 ಪಿಕ್ಸೆಲ್ ಕೆಳಗೆ ಉಳಿಯುತ್ತದೆ. ನಿಮಿಷಕ್ಕೆ 30 ಸುತ್ತು, ಅಂದರೆ 26 ಪಿಕ್ಸೆಲ್, ಒಂದೂವರೆ ಟೈಲ್‌ಗಿಂತ ಹೆಚ್ಚು. ಲೆವೆಲ್ ಪರೀಕ್ಷಿಸುವವರು ಬೇಗ ದಾಟಿಬಿಡುತ್ತಾರೆ, ಅವರಿಗೆ ಇದು ಕಾಣುವುದೇ ಇಲ್ಲ. ನಿಂತು ಯೋಚಿಸುವ ಆಟಗಾರನಿಗೆ ದಾರಿ ಮುಚ್ಚಿಹೋಗಿರುತ್ತದೆ.

ಮದ್ದು ಎರಡಿವೆ, ಕೋಣೆ ನೋಡಿ ಆರಿಸಿ. ತಾಳವೇ ಒಗಟಾಗಿರುವ ಕಡೆ ಟೈಮರ್ ಇಟ್ಟು, ಮಿಡಿಯುವ ಕ್ಷಣದಲ್ಲಿ ಜೆಲ್ಲಿಫಿಶ್ಶನ್ನು ಮನೆಗೆರೆಗೆ, ಅಂದರೆ ಅದು ಮೊದಲು ಹೊರಟ ಎತ್ತರಕ್ಕೆ, ಕೂರಿಸಿ. ಒಂದು ಪಿಕ್ಸೆಲ್‌ಗೂ ಕಡಿಮೆ ಜರುಗುವುದರಿಂದ ಕಣ್ಣಿಗೆ ಬೀಳುವುದಿಲ್ಲ. ತುಳಿದು ಹಾರುವ ಕಡೆ ಟೈಮರ್ ಬೇಡ: ಮನೆಗೆರೆಗೆ ಇಳಿದಾಗ ಮಿಡಿಯಲಿ, ಆದರೆ ಹಿಂದಿನ ಮಿಡಿತದಿಂದ ಕನಿಷ್ಠ 1.2 ಸೆಕೆಂಡ್ ಕಳೆದಿರಲಿ. ಈ ಕನಿಷ್ಠ ಅಂತರ ಮರೆತರೆ, ಗೆರೆಯ ಕೆಳಗೆ ತಳ್ಳಲ್ಪಟ್ಟ ಜೆಲ್ಲಿಫಿಶ್ ಪ್ರತಿ ಫ್ರೇಮ್‌ಗೂ ಮಿಡಿದು ರಾಕೆಟ್ ಆಗುತ್ತದೆ. ಅಂತರವಿದ್ದರೆ ಮಿಡಿತಕ್ಕೆ 12 ಪಿಕ್ಸೆಲ್‌ನಂತೆ ಮೆಟ್ಟಿಲು ಮೆಟ್ಟಿಲಾಗಿ ಮೇಲೆ ಬರುತ್ತದೆ, ನೋಡಲೂ ಚೆನ್ನ.

ಮಿಡಿತದ ಮುನ್ಸೂಚನೆ ಮುಖ್ಯ. ಗೆರೆಗೆ 3 ಪಿಕ್ಸೆಲ್ ಇರುವಾಗಲೇ ಕೊಡೆಯನ್ನು 24ರಿಂದ 26 ಅಗಲಕ್ಕೆ ಅರಳಿಸಿ. ಆ ವೇಗದಲ್ಲಿ ಅದು ಸುಮಾರು 0.2 ಸೆಕೆಂಡಿನ ಎಚ್ಚರಿಕೆ. ಮಿಡಿದಾಗ 18ಕ್ಕೆ ಕುಗ್ಗಿಸಿ. ಆನಿಮೇಷನ್‌ಗೆ ತನ್ನದೇ ಲೂಪ್ ಕೊಡಬೇಡಿ, ಫ್ರೇಮನ್ನು ಚಲನೆಯ ಸ್ಥಿತಿಯೇ ಆರಿಸಲಿ. ಎರಡು ಗಡಿಯಾರ ಇಟ್ಟರೆ ಸ್ವಲ್ಪ ಹೊತ್ತಿಗೆಲ್ಲ ಕೊಡೆ ಅರಳುತ್ತಾ ಮೇಲೇರತೊಡಗುತ್ತದೆ.

ಕೊಡೆ ಒಂದು, ಎಳೆ ಇನ್ನೊಂದು

ಬೇರಿಗೆ ನೋಡ್2ಡಿ, ಅದರಡಿ ಎರಡು ಏರಿಯಾ2ಡಿ (ತಾಗಿದ್ದನ್ನು ಪತ್ತೆಹಚ್ಚುವ ಗೊಡೋ ನೋಡ್). ಕೊಡೆಯದು 20×8, ತುಳಿಯಲು. ಕೆಳಗೆ ಜೋತಾಡುವ ಎಳೆಗಳದು 14×16, ಕುಟುಕಲು. ಎಳೆಗಳ ಚಿತ್ರ 20×22 ಇದ್ದರೂ ಪೆಟ್ಟಿನ ಚೌಕ ಎಲ್ಲ ಕಡೆ 3 ಪಿಕ್ಸೆಲ್ ಒಳಗಿರಲಿ. ಓಲಾಡುವ ತುದಿ ತಾಗಿ ಜೀವ ಹೋದರೆ ಆಟಗಾರ ತನ್ನ ತಪ್ಪೆಂದು ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ. ಎಳೆ ಬಿಡಿಸಲು ಲೈನ್2ಡಿ (ಗೆರೆ ಎಳೆಯುವ ನೋಡ್) ನಾಲ್ಕು, ಒಂದೊಂದಕ್ಕೆ ಐದು ಬಿಂದು, 4 ಪಿಕ್ಸೆಲ್ ಅಂತರ. ಪ್ರತಿ ಬಿಂದು ಮೇಲಿನದನ್ನು ತಡವಾಗಿ ಹಿಂಬಾಲಿಸಲಿ. ಅಂತರ 5 ಪಿಕ್ಸೆಲ್ ಮೀರದಂತೆ ಕಟ್ಟಿಹಾಕಿ, ಇಲ್ಲವಾದರೆ ಮಿಡಿದಾಗ ಎಳೆಗಳು ರಬ್ಬರಿನಂತೆ ಜಗ್ಗುತ್ತವೆ.

ತುಳಿದದ್ದೆಂದು ಒಪ್ಪಲು ಎರಡು ಷರತ್ತು: ಆಟಗಾರ ಕೆಳಗೆ ಬೀಳುತ್ತಿರಬೇಕು, ಹಿಂದಿನ ಫ್ರೇಮ್‌ನಲ್ಲಿ ಅವನ ಪಾದ, ಕೊಡೆಯ ತುದಿಯಿಂದ 4 ಪಿಕ್ಸೆಲ್ ಕೆಳಗಿನ ಗೆರೆಗಿಂತ ಮೇಲಿರಬೇಕು. ಒಂದೇ ಫ್ರೇಮ್‌ನಲ್ಲಿ ಕೊಡೆಯೂ ಎಳೆಯೂ ತಾಗಿದರೆ ಯಾವ ಸಿಗ್ನಲ್ (ತಾಗಿದೆ ಎಂದು ಏರಿಯಾ ಕಳಿಸುವ ಸೂಚನೆ) ಮೊದಲು ಬರುತ್ತದೆಂಬುದನ್ನು ನಂಬಬೇಡಿ. ಎರಡನ್ನೂ ಒಂದೇ ಫಂಕ್ಷನ್‌ಗೆ ತಂದು, ತುಳಿತಕ್ಕೆ ಗೆಲುವು ಕೊಟ್ಟು, ಎಳೆಯ ಏರಿಯಾವನ್ನು 0.15 ಸೆಕೆಂಡ್ ಆಫ್ ಮಾಡಿ. ಸಿಗ್ನಲ್ ಒಳಗಿಂದ ಮಾನಿಟರಿಂಗ್ (ಏರಿಯಾವನ್ನು ಆನ್, ಆಫ್ ಮಾಡುವ ಗುಣ) ನೇರವಾಗಿ ಬದಲಿಸಿದರೆ ಗೊಡೋ ದೋಷ ತೋರಿಸುತ್ತದೆ, ಬದಲಾವಣೆಯನ್ನು ಆಮೇಲಕ್ಕೆ ಮುಂದೂಡುವ ಸೆಟ್ ಡಿಫರ್ಡ್ ಬಳಸಿ.

ಪುಟಿಯುವ ವೇಗ ಸ್ಥಿರವಾಗಿರಲಿ. ಗುರುತ್ವ 900, ಪುಟಿತ −340 ಇದ್ದರೆ ಆಟಗಾರ 64 ಪಿಕ್ಸೆಲ್, ಅಂದರೆ ನಾಲ್ಕು ಟೈಲ್ ಹಾರುತ್ತಾನೆ. ಜೆಲ್ಲಿಫಿಶ್‌ನ −80 ಕೂಡಿಸಿದಿರೋ, ಏರುವಾಗ ತುಳಿದವನು 98 ಪಿಕ್ಸೆಲ್ ಹಾರಿ ನೀವು ಬಚ್ಚಿಟ್ಟ ಜಾಗಗಳಿಗೆಲ್ಲ ತಲುಪುತ್ತಾನೆ.

ಜಾಗಕ್ಕೆ ಕೂರಿಸುವುದು

ಮೊದಲ ಜೆಲ್ಲಿಫಿಶ್ಶನ್ನು ಓಣಿಯಲ್ಲಿ ಒಂಟಿಯಾಗಿ ಇಡಿ. ಕುಟುಕುವ ಚೌಕದ ತಳ ನೆಲದಿಂದ 6 ಪಿಕ್ಸೆಲ್ ಮೇಲಿರಲಿ. 14 ಎತ್ತರದ ಆಟಗಾರನಿಗೆ ಅದು 8 ಪಿಕ್ಸೆಲ್ ಏರಿದಾಗ ದಾರಿ ತೆರೆದು, ಎರಡು ಸೆಕೆಂಡಿನ ಸುತ್ತಿನಲ್ಲಿ ಸುಮಾರು 1.35 ಸೆಕೆಂಡ್ ತೆರೆದೇ ಇರುತ್ತದೆ. ಸೆಕೆಂಡಿಗೆ 90 ಪಿಕ್ಸೆಲ್ ಓಡುವವನಿಗೆ ದಾಟಲು 0.27 ಸಾಕು. ಮೊದಲ ಪಾಠಕ್ಕೆ ಇಷ್ಟು ಧಾರಾಳ ಇರಲೇಬೇಕು. ಆಮೇಲೆ 40 ಪಿಕ್ಸೆಲ್ ಆಚೆ ಇನ್ನೊಂದನ್ನು ಒಂದು ಸೆಕೆಂಡ್ ತಡವಾಗಿ ಮಿಡಿಯುವಂತೆ ಹಾಕಿ: ಎರಡೂ ಒಟ್ಟಿಗೆ ತೆರೆದಿರುವ ಹೊತ್ತು, ಪ್ರತಿ ಸಲವೂ, ಬರೀ 0.35 ಸೆಕೆಂಡ್. ನಡುವೆ ನಿಲ್ಲಲು 26 ಪಿಕ್ಸೆಲ್ ಜಾಗವಿದೆ. ಅವಸರಪಡುವವನು ಮಾತ್ರ ಕುಟುಕಿಸಿಕೊಳ್ಳುತ್ತಾನೆ. ಇಂಥ ಸಾಲಿನಲ್ಲಿ ರ‍್ಯಾಂಡಮ್ ಎಂಬುದು ಬೇಡವೇ ಬೇಡ.

ಪರದೆಯಾಚೆ ಇರುವಾಗ ಎಳೆ ಬಿಡಿಸುವುದನ್ನು ನಿಲ್ಲಿಸಿ, ಚಲನೆಯನ್ನು ನಿಲ್ಲಿಸಬೇಡಿ. ಪರದೆಯಲ್ಲಿ ಕಂಡಾಗ ಮಾತ್ರ ಓಡಿಸುವ ವಿಸಿಬಲ್‌ಆನ್‌ಸ್ಕ್ರೀನ್‌ಎನೇಬ್ಲರ್2ಡಿ ನೋಡನ್ನು ಇಡೀ ಶತ್ರುವಿಗೆ ಹಾಕಿದರೆ ಕಂಡ ಕ್ಷಣದಿಂದ ಒಂದೊಂದೂ ಗಡಿಯಾರ ಶುರುಮಾಡಿ, ನೀವು ಕೂರಿಸಿದ ತಾಳ ಕೆಡುತ್ತದೆ.

ಬೇರೆ ವೇಷಗಳು

ಕರೆಂಟ್ ಹೊಡೆಯುವ ಜೆಲ್ಲಿಫಿಶ್ ಗೇಮ್‌ಗಳ ಕಟ್ಟುಕತೆ, ನಿಜದ್ದು ಕುಟುಕುಕೋಶಗಳಿಂದ ವಿಷ ಚುಚ್ಚುತ್ತದೆ. ಆದರೂ ಬೇಕೆಂದರೆ ಪ್ರತಿ ಮೂರನೇ ಮಿಡಿತಕ್ಕೆ ವಿದ್ಯುತ್ ಇಡಿ, ಎರಡನೆಯದರಲ್ಲಿ ಎಚ್ಚರಿಕೆ ಕೊಡಿ. ಬಣ್ಣವೊಂದನ್ನೇ ನೆಚ್ಚಬೇಡಿ, ಎಳೆಗಳು ಸೆಟೆದು ನೇರವಾಗಲಿ. ಬಣ್ಣ ಗುರುತಿಸಲಾಗದವರಿಗೂ ತಿಳಿಯುತ್ತದೆ. ಮೈ ಪಾರದರ್ಶಕವಾಗಿದ್ದರೂ ಸುತ್ತ ಒಂದು ಪಿಕ್ಸೆಲ್ ಗಟ್ಟಿ ಅಂಚು ಬೇಕು, ನೀಲಿ ಹಿನ್ನೆಲೆ ಉಳಿದದ್ದನ್ನೆಲ್ಲ ನುಂಗುತ್ತದೆ.

ಈಜುವ ಲೆವೆಲ್‌ನಲ್ಲಿ ತುಳಿತ ಕೆಲಸ ಮಾಡದು. 1994ರ ‘ಡಾಂಕಿ ಕಾಂಗ್ ಕಂಟ್ರಿ’ಯಲ್ಲಿ ನೀರಿಗಿಳಿದ ಕಾಂಗ್‌ಗಳು ಬರಿಗೈ, ಎನ್‌ಗಾರ್ಡ್ ಎಂಬ ಕತ್ತಿಮೀನಿನ ಬೆನ್ನೇರಿದರೆ ಮಾತ್ರ ಎದುರಿನವನ್ನು ಚುಚ್ಚಬಹುದು. ನೀವೂ ಅಲ್ಲಿ ಕೊಡೆಯ ಏರಿಯಾ ತೆಗೆದು ಇಡೀ ಮೈಯನ್ನು ಕುಟುಕಿಗೆ ಬಿಡಿ.

‘ಸೆಲೆಸ್ಟ್’ 2019ರ ‘ಫೇರ್‌ವೆಲ್’ ಅಧ್ಯಾಯದಲ್ಲಿ ಜೆಲ್ಲಿಫಿಶ್ ಶತ್ರುವೇ ಅಲ್ಲ, ಕೈಯಲ್ಲಿ ಹಿಡಿದು ತೇಲುವ ಸಾಧನ. ಅಂಥದ್ದಕ್ಕೆ ಎಳೆಯ ಏರಿಯಾ ತೆಗೆದು, ಹಿಡಿದಿರುವಾಗ ಆಟಗಾರನ ಬೀಳುವ ವೇಗದ ಮಿತಿಯನ್ನು ಕಾಲುಭಾಗಕ್ಕೆ ಇಳಿಸಿ; ಕೆಳಗಿನ ಬಟನ್ ಒತ್ತಿದರೆ ಬೇಗ ಇಳಿಯಲು ಬಿಡಿ. ಕೈಬಿಟ್ಟ ಕ್ಷಣದಲ್ಲಿ ಮನೆಗೆರೆಯನ್ನು ಆ ಜಾಗಕ್ಕೇ ಬದಲಿಸಬೇಕು. ಹಳೆಯ ಗೆರೆ ಹಾಗೇ ಉಳಿದು ಅದಕ್ಕಿಂತ ಕೆಳಗೆ ಬಿಟ್ಟಿದ್ದರೆ, ಜೆಲ್ಲಿಫಿಶ್ ಆಟಗಾರನನ್ನು ಅಲ್ಲೇ ಬಿಟ್ಟು ಮಿಡಿದು ಮಿಡಿದು ಮೇಲಕ್ಕೆ ಹೊರಟುಹೋಗುತ್ತದೆ.