ಸವೆದ ಜಾಗ ನೋಡಿ: ರೋಡ್ ಬೈಕಿನ ಅಂದ ಅಳೆಯುವ ನನ್ನ ಕ್ರಮ

ಯಾರಾದರೂ ತಮ್ಮ ರೋಡ್ ಬೈಕ್ (ಡಾಂಬರು ರಸ್ತೆಗೆಂದೇ ಇರುವ, ಬಾಗಿದ ಹ್ಯಾಂಡಲಿನ ಸೈಕಲ್) ತಂದು ಮುಂದೆ ನಿಲ್ಲಿಸಿ "ಸಾರ್, ಸೆಟಪ್ ಹೆಂಗಿದೆ ನೋಡಿ" ಅಂದರೆ ನನ್ನ ಕಣ್ಣು ಮೊದಲು ಹೋಗುವುದು ಹ್ಯಾಂಡಲಿಗೆ ಸುತ್ತಿದ ಬಾರ್ ಟೇಪಿಗೆ. ಹುಡ್ (ಬ್ರೇಕ್ ಲಿವರಿನ ರಬ್ಬರ್ ಹಿಡಿ) ಹತ್ತಿರದ ಟೇಪು ಬೆವರಿಗೆ ಕಪ್ಪಗಾಗಿ, ಡ್ರಾಪಿನ (ಹ್ಯಾಂಡಲ್ ಕೆಳಕ್ಕೆ ಬಾಗಿದ ಭಾಗ) ಟೇಪು ಸುತ್ತಿದ ದಿನದ ಹಾಗೇ ಹೊಸದಾಗಿದ್ದರೆ, ಸವಾರರು ಡ್ರಾಪಿಗೆ ಕೈ ಇಳಿಸುತ್ತಲೇ ಇಲ್ಲ. ಹ್ಯಾಂಡಲ್ ಅವರ ಬೆನ್ನಿಗೆ ತಗ್ಗಾಗಿದೆ, ಇಲ್ಲವೇ ದೂರವಾಗಿದೆ. ಹ್ಯಾಂಡಲನ್ನು ಫೋರ್ಕಿಗೆ ಸೇರಿಸುವ ಸ್ಟೆಮ್ ಎಷ್ಟೇ ಕೆಳಗೆ ಕೂತು ಚೆಂದ ಕಂಡರೂ ಆ ಸೈಕಲ್ ಇನ್ನೊಬ್ಬರ ಅಳತೆಯದು.

ಇದೇ ರೀತಿ ಬೇರೆ ಗುರುತುಗಳೂ ಇವೆ. ಸೀಟಿನ ಮೂತಿಯ ಹೊಳಪು ಮಾತ್ರ ಹೋಗಿದ್ದರೆ ಸವಾರರು ಸದಾ ಮುಂದಕ್ಕೆ ಜಾರುತ್ತಿದ್ದಾರೆ. ಮೂತಿ ಕೆಳಗೆ ಬಾಗಿರಬಹುದು, ಹ್ಯಾಂಡಲ್ ದೂರವಿರಬಹುದು. ಕ್ಯಾಸೆಟ್ಟಿನಲ್ಲಿ (ಹಿಂಚಕ್ರದ ಹಲ್ಲುಚಕ್ರಗಳ ಗೊಂಚಲು) ಅತಿ ದೊಡ್ಡ ಹಲ್ಲುಚಕ್ರವೊಂದೇ ಸವೆದು ಚಿಕ್ಕವು ಹೊಸದರಂತೆ ಮಿಂಚುತ್ತಿದ್ದರೆ ಗೇರು ಸಾಲುತ್ತಿಲ್ಲ. ಪೆಡಲ್ ಕೂರುವ ತೋಳಾದ ಕ್ರ್ಯಾಂಕಿನ ಹೊರಬದಿಯ ಬಣ್ಣ ಉಜ್ಜಿ ಹೋಗಿದ್ದರೆ ಷೂ ಅಡಿಯಲ್ಲಿ ಪೆಡಲಿಗೆ ಸಿಕ್ಕಿಸುವ ಕ್ಲೀಟ್ ವಾರೆಯಾಗಿದೆ. ಇಷ್ಟು ಓದಿಕೊಂಡ ಮೇಲೆಯೇ ಫ್ರೇಮಿನ ಗೆರೆ, ಬಣ್ಣ, ಚಕ್ರದ ಮಾತು. ಹೊಸ ಸೈಕಲ್ಲಿನಲ್ಲಿ ಓದಲು ಗುರುತು ಇರುವುದಿಲ್ಲ. ಅಲ್ಲಿ ಸವಾರರನ್ನು ಹತ್ತಿಸಿ, ಪಕ್ಕದಿಂದ ನೋಡಿ ಹೇಳಬೇಕು.

ಸೀಟಿನ ಎತ್ತರ ಸರಿಯಾಗದೆ ಉಳಿದದ್ದು ಯಾವುದೂ ಕೂಡುವುದಿಲ್ಲ. ಅಮೆರಿಕದ ಸೈಕಲ್ ರೇಸರ್ ಗ್ರೆಗ್ ಲೆಮಾಂಡ್ ಅವರಿಂದ ಪ್ರಸಿದ್ಧವಾದ ಲೆಕ್ಕ ಶುರುವಿಗೆ ಸಾಕು. ಬರಿಗಾಲಲ್ಲಿ ಗೋಡೆಗೆ ಒರಗಿ ನಿಂತು, ಕಾಲುಗಳ ನಡುವೆ ದಪ್ಪ ಪುಸ್ತಕವೊಂದನ್ನು ಮೇಲಕ್ಕೆ ಒತ್ತಿ ಹಿಡಿದು, ನೆಲದಿಂದ ಪುಸ್ತಕದ ಮೇಲಂಚಿನವರೆಗೆ ಅಳೆಯಿರಿ. ಅದನ್ನು 0.883ರಿಂದ ಗುಣಿಸಿ. ಅಳತೆ 80 ಸೆಂ.ಮೀ. ಬಂದರೆ ಕ್ರ್ಯಾಂಕಿನ ನಡುಬಿಂದುವಿನಿಂದ ಸೀಟಿನ ಮೇಲ್ಮೈಗೆ ಸುಮಾರು 70.6 ಸೆಂ.ಮೀ. ಅಲ್ಲಿಂದ ಆಚೀಚೆ 3 ಮಿ.ಮೀ. ಲೆಕ್ಕದಲ್ಲಿ ಸರಿಪಡಿಸುತ್ತಾ ಹೋಗಬೇಕು. ಮಂಡಿಯ ಮುಂಭಾಗ ನೋವಾದರೆ ಸಾಮಾನ್ಯವಾಗಿ ಸೀಟು ತಗ್ಗು, ಹಿಂಭಾಗ ಎಳೆದರೆ ಎತ್ತರ. ಸೀಟಿನ ಮಟ್ಟಕ್ಕೆ ಗಾರೆ ಕೆಲಸದವರ ರಸಮಟ್ಟವೇ ಸಾಕು: ಸೀಟಿನ ಮೇಲೆ ಉದ್ದಕ್ಕೆ ಒಂದು ಪಟ್ಟಿ ಇಟ್ಟು ಅದರ ಮೇಲೆ ರಸಮಟ್ಟ ಇಡಿ. ಸೈಕಲ್ ನಿಂತ ನೆಲ ಸಮವಿದೆಯೇ ಎಂದು ಮೊದಲು ನೋಡಿ. ನಮ್ಮ ಕಡೆಯ ಅಂಗಳಗಳು ಮಳೆನೀರು ಹರಿಯಲೆಂದು ಇಳಿಜಾರಾಗಿಯೇ ಇರುತ್ತವೆ, ಕಣ್ಣಿನ ಅಂದಾಜು ಅಲ್ಲಿ ಮೋಸ ಹೋಗುತ್ತದೆ.

ಈಗ ಸ್ಟೆಮ್. ಜಗಳ ಹೆಚ್ಚು ನಡೆಯುವುದು ಇಲ್ಲೇ.

ಸ್ಟೆಮ್ ಕೆಳಗಿನ ಸ್ಪೇಸರ್ (ಎತ್ತರ ಕೊಡುವ ಉಂಗುರ) ಎಲ್ಲ ತೆಗೆದು ಫ್ರೇಮಿಗೆ ಅಂಟಿಸಿ ಕೂರಿಸಿದರೆ ಚೆಂದ ಎಂಬುದು ಬಹುಮಂದಿಯ ಅಭಿಪ್ರಾಯ. ಕಾಣಲು ಚೆಂದವೇ, ಒಪ್ಪುತ್ತೇನೆ. ಆದರೆ ಕೈಮರದಿಂದ ಮುಳ್ಳಯ್ಯನಗಿರಿ ಕಡೆ ಹತ್ತಿ ಅದೇ ತಿರುವುಗಳಲ್ಲಿ ಇಳಿಯುವವರಿಗೆ, ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿಯುವವರಿಗೆ, ಡ್ರಾಪಿನಲ್ಲಿ ಕೈಯಿಟ್ಟು ಕತ್ತೆತ್ತಿ ಮುಂದಿನ ತಿರುವು ನೋಡಲು ಆಗಬೇಕು. ಹುಡ್ ಮೇಲಿಂದ ಹಿಡಿದ ಬ್ರೇಕಿಗಿಂತ ಡ್ರಾಪಿನಿಂದ ಹಿಡಿದದ್ದು ಗಟ್ಟಿ, ಹ್ಯಾಂಡಲ್ ಮೇಲಿನ ಹಿಡಿತವೂ ಗಟ್ಟಿ. ಆದ್ದರಿಂದ ಡ್ರಾಪಿನಲ್ಲಿ ಹತ್ತು ನಿಮಿಷ ಕೈಯಿಡಲಾಗದ ಸೆಟಪ್ಪಿಗೆ ನಾನು ಅಂಕ ಕಡಿಮೆ ಮಾಡುತ್ತೇನೆ, 15 ಅಥವಾ 20 ಮಿ.ಮೀ. ಸ್ಪೇಸರಿಗೆ ಮಾಡುವುದಿಲ್ಲ. 30 ಮಿ.ಮೀ. ದಾಟಿದರೆ ಮಾತ್ರ ಫ್ರೇಮಿನ ಅಳತೆಯೇ ತಪ್ಪಿದೆಯೇ ಎಂದು ಕೇಳುತ್ತೇನೆ. ಸ್ಟಿಯರರ್ (ಫೋರ್ಕಿನಿಂದ ಮೇಲೆ ಬಂದು ಸ್ಟೆಮ್ ಕೂರುವ ಕೊಳವೆ) ಕಾರ್ಬನ್ನಿನದಾದರೆ ಎಷ್ಟು ಸ್ಪೇಸರ್ ಹಾಕಬಹುದು ಎಂಬ ಮಿತಿ ತಯಾರಕರ ಕೈಪಿಡಿಯಲ್ಲೇ ಇರುತ್ತದೆ.

ಇಲ್ಲಿ ಸ್ವಲ್ಪ ಜ್ಯಾಮಿತಿ ಗೊತ್ತಿದ್ದರೆ ವಾದ ಬೇಗ ಮುಗಿಯುತ್ತದೆ. ಹೆಡ್ ಟ್ಯೂಬ್ (ಸ್ಟಿಯರರ್ ಹಾದುಹೋಗುವ ಫ್ರೇಮಿನ ಮುಂದಿನ ಕೊಳವೆ) ನೆಲಕ್ಕೆ 73 ಡಿಗ್ರಿ ಕೋನದಲ್ಲಿ ವಾಲಿದ್ದರೆ ಮೈನಸ್ 17 ಡಿಗ್ರಿಯ ಸ್ಟೆಮ್ ನೆಲಕ್ಕೆ ಸಮಾನಾಂತರವಾಗಿ ನಿಲ್ಲುತ್ತದೆ. ಅಂಗಡಿಯಲ್ಲಿ ಹೆಚ್ಚಾಗಿ ಸಿಗುವ ಮೈನಸ್ 6ರದ್ದು 11 ಡಿಗ್ರಿ ಮೇಲಕ್ಕೆ ಏರಿರುತ್ತದೆ. ಸ್ಟೆಮ್ ಉದ್ದ 100 ಮಿ.ಮೀ. ಆದರೆ ಇವೆರಡರ ನಡುವೆ ಹ್ಯಾಂಡಲ್ ಎತ್ತರದ ವ್ಯತ್ಯಾಸ 19 ಮಿ.ಮೀ. ಮೈನಸ್ 6ರದ್ದನ್ನೇ ತಿರುಗಿಸಿ ಹಾಕಿದರೆ ಹ್ಯಾಂಡಲ್ ಸುಮಾರು 20 ಮಿ.ಮೀ. ಏರುತ್ತದೆ. ಸ್ಪೇಸರ್ ವಾಲಿದ ಕೊಳವೆಯ ಮೇಲೆ ಕೂರುವುದರಿಂದ, ಪ್ರತಿ 10 ಮಿ.ಮೀ. ಸ್ಪೇಸರಿಗೆ ಹ್ಯಾಂಡಲ್ ಸುಮಾರು 3 ಮಿ.ಮೀ. ಹಿಂದಕ್ಕೂ ಬರುತ್ತದೆ. ಇದು ಗೊತ್ತಿಲ್ಲದೆ 20 ಮಿ.ಮೀ. ಸ್ಪೇಸರ್ ತೆಗೆದವರು "ಕೆಳಗೆ ಇಳಿಸಿದ್ದಷ್ಟೇ, ದೂರ ಯಾಕಾಯ್ತು?" ಅನ್ನುತ್ತಾರೆ. ದೂರವೂ 6 ಮಿ.ಮೀ. ಹೆಚ್ಚಿರುತ್ತದೆ. ಆಗ 90 ಮಿ.ಮೀ. ಸ್ಟೆಮ್ ಹಾಕಬೇಕೇ ಎಂಬ ಪ್ರಶ್ನೆ ಬರುತ್ತದೆ.

ಇಳಿಸುವ ಕೆಲಸ ನಾನು ಮಾಡುವುದು ಒಂದು ಸಲಕ್ಕೆ 5 ಮಿ.ಮೀ., ನಡುವೆ ಎರಡು ವಾರ. ಸೈಕಲ್ ನೆಲದ ಮೇಲೇ ನಿಂತಿರಲಿ, ಎತ್ತಿ ನೇತು ಹಾಕಿದ್ದರೆ ಸ್ಟೆಮ್ ಬಿಚ್ಚಿದೊಡನೆ ಫೋರ್ಕ್ ಕೆಳಗೆ ಜಾರುತ್ತದೆ. ಪಕ್ಕದ ಎರಡು ಬೋಲ್ಟ್ ಸಡಿಲಿಸಿ, ಮೇಲಿನ ಮುಚ್ಚಳ ಬಿಚ್ಚಿ, ಕೆಳಗಿನ ಒಂದು ಸ್ಪೇಸರ್ ತೆಗೆದು ಸ್ಟೆಮ್ ಮೇಲೆ ಹಾಕಿ. ಮುಚ್ಚಳದ ಬೋಲ್ಟನ್ನು ಅಲುಗಾಟ ನಿಲ್ಲುವಷ್ಟೇ ಬಿಗಿ ಮಾಡಿ. ಸ್ಟೆಮ್ ಮುಂಚಕ್ರದ ನೇರಕ್ಕೆ ತಂದು, ಪಕ್ಕದ ಬೋಲ್ಟುಗಳನ್ನು ಒಂದಾದ ಮೇಲೊಂದು ಸ್ವಲ್ಪ ಸ್ವಲ್ಪವೇ ತಿರುಗಿಸಿ. ಸಾಮಾನ್ಯವಾಗಿ 5 ನ್ಯೂಟನ್ ಮೀಟರ್, ಸ್ಟೆಮ್ ಮೇಲೆ ಬೇರೆ ಬರೆದಿದ್ದರೆ ಅದೇ ಸರಿ. ಪಕ್ಕದ ಬೋಲ್ಟ್ ಬಿಗಿಯಿರುವಾಗ ಮುಚ್ಚಳ ಎಷ್ಟು ತಿರುಗಿಸಿದರೂ ಹೆಡ್‌ಸೆಟ್ಟಿನ (ಫೋರ್ಕ್ ತಿರುಗುವ ಜಾಗ) ಬೇರಿಂಗಿಗೆ ಒತ್ತಡ ತಲುಪುವುದಿಲ್ಲ. ಹೆಡ್‌ಸೆಟ್ ಲೊಡಲೊಡ ಎನ್ನುವುದಕ್ಕೆ ನಾನು ಕಂಡ ಮೊದಲ ಕಾರಣ ಇದೇ. ಎರಡನೆಯದು, ಸ್ಟಿಯರರ್ ತುದಿ ಮೇಲಿನ ಸ್ಪೇಸರಿನ ಸಮಕ್ಕೇ ಇರುವುದು. ಅದು 2ರಿಂದ 3 ಮಿ.ಮೀ. ಒಳಗಿರಬೇಕು, ಇಲ್ಲದಿದ್ದರೆ ಮುಚ್ಚಳ ಕೊಳವೆಗೇ ತಾಗಿ ನಿಲ್ಲುತ್ತದೆ. ಕಡೆಗೆ ಮುಂದಿನ ಬ್ರೇಕ್ ಹಿಡಿದು, ಹೆಡ್‌ಸೆಟ್ ಸಂದಿಗೆ ಬೆರಳಿಟ್ಟು ಸೈಕಲ್ ಹಿಂದೆ ಮುಂದೆ ಅಲ್ಲಾಡಿಸಿ. ಅಲುಗಾಟ ತಿಳಿದರೆ ಬಿಗಿ ಸಾಲದು. ಮುಂಚಕ್ರ ಎತ್ತಿದಾಗ ಹ್ಯಾಂಡಲ್ ತಾನಾಗಿ ಒಂದು ಕಡೆಗೆ ಬೀಳದಿದ್ದರೆ ಬಿಗಿ ಹೆಚ್ಚಾಗಿದೆ.

ಮೇಲೆ ಉಳಿದ ಸ್ಪೇಸರ್ ಗೋಪುರ ಕಾಣಲು ಚೆನ್ನಾಗಿರುವುದಿಲ್ಲ, ನಿಜ. ಆದರೂ ಒಂದು ಮಳೆಗಾಲ, ಒಂದು ಬೇಸಿಗೆ ಅದೇ ಎತ್ತರದಲ್ಲಿ ಓಡಿಸುವ ತನಕ ಸ್ಟಿಯರರ್ ಕತ್ತರಿಸಬೇಡಿ. ಕತ್ತರಿಸಿದ್ದು ಮತ್ತೆ ಬೆಳೆಯುವುದಿಲ್ಲ, ಮಾರುವಾಗಲೂ ಬೆಲೆ ಇಳಿಯುತ್ತದೆ. ಕಾರ್ಬನ್ ಆದರೆ ಇಂಚಿಗೆ 32 ಹಲ್ಲಿನ ಗರಗಸದ ಬ್ಲೇಡು, ಕತ್ತರಿಸುವ ಗೈಡು, ಧೂಳು ಏಳದಂತೆ ನೀರು, ಮೂಗಿಗೆ ಮಾಸ್ಕು. ಕೊನೆಯಲ್ಲಿ 5 ಮಿ.ಮೀ.ನ ಒಂದು ಸ್ಪೇಸರ್ ಸ್ಟೆಮ್ ಮೇಲೆ ಉಳಿಸುವುದು ಒಳ್ಳೆಯದು. ಸ್ಟೆಮಿನ ಹಿಡಿತ ಪೂರ್ತಿ ಕೊಳವೆಯ ಮೇಲೆ ಬೀಳಲೆಂದು ಹಲವು ತಯಾರಕರು ಅದನ್ನೇ ಹೇಳುತ್ತಾರೆ.

ಹುಡ್ ಮತ್ತು ಹ್ಯಾಂಡಲಿನ ಮೇಲ್ಭಾಗ ಒಂದೇ ಗೆರೆಯಲ್ಲಿ ಹರಿಯಬೇಕು, ಮಣಿಕಟ್ಟು ಮುರಿದಂತೆ ಕಾಣಬಾರದು. ಎರಡೂ ಹುಡ್ ಒಂದೇ ಎತ್ತರದಲ್ಲಿವೆಯೇ ಎಂಬುದನ್ನು ಮುಂದಿನಿಂದ ನೋಡಿ. ಟೇಪು ಸುತ್ತುವಾಗ ಡ್ರಾಪಿನ ತುದಿಯಿಂದ ಶುರು. ಅರ್ಧ ಅಗಲ ಹೊರಗೆ ಬಿಟ್ಟು, ಅದನ್ನು ಕೊನೆಗೆ ಮುಚ್ಚಳದೊಂದಿಗೆ ಒಳಗೆ ತುರುಕಬೇಕು. ಹಿಂದಿನಿಂದ ನೋಡುವಾಗ ಬಲಗಡೆ ಗಡಿಯಾರದ ಮುಳ್ಳಿನಂತೆ, ಎಡಗಡೆ ಅದಕ್ಕೆ ಎದುರಾಗಿ. ಡ್ರಾಪಿನಲ್ಲಿ ಕೈ ಹೊರಕ್ಕೆ ತಿರುಚುವುದರಿಂದ ಹೀಗೆ ಸುತ್ತಿದ ಟೇಪು ಬಳಸಿದಷ್ಟೂ ಬಿಗಿಯಾಗುತ್ತದೆ. ಮೂರನೇ ಒಂದು ಭಾಗ ಒಂದರ ಮೇಲೊಂದು ಬರಲಿ. ಬಾಗಿದ ಕಡೆ ಒಳಬದಿಯಲ್ಲಿ ಹೆಚ್ಚು, ಹೊರಬದಿಯಲ್ಲಿ ಕಡಿಮೆ ಬಂದೇ ಬರುತ್ತದೆ, ಹೊರಬದಿಯಲ್ಲಿ ಲೋಹ ಕಾಣದಿದ್ದರೆ ಸಾಕು. ಕೊನೆಯ ತುದಿಯನ್ನು ಓರೆಯಾಗಿ ಕತ್ತರಿಸಿದರೆ ಮುಗಿದ ಅಂಚು ನೇರ ಬರುತ್ತದೆ. ಎರಡೂ ಕಡೆ ಸ್ಟೆಮಿನಿಂದ ಒಂದೇ ದೂರದಲ್ಲಿ ಮುಗಿಸುವುದಕ್ಕೆ ಮೊದಲೇ ಪೆನ್ಸಿಲಿನಿಂದ ಗುರುತು ಹಾಕಿಕೊಳ್ಳುತ್ತೇನೆ. ಬಿಳಿ ಟೇಪು ಇಷ್ಟಪಡುವವರು ಇದ್ದಾರೆ. ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮ ಕೆಂಪು ಕೆಸರಿನಲ್ಲಿ ಅದು ಉಳಿಯುವುದಿಲ್ಲ. ಕಂದು ಅಂಚಿನ ಟಯರಿಗೂ ಇದೇ ಗತಿ.

ಗೇರಿನ ವಿಷಯದಲ್ಲಿ ನನ್ನ ಅಭಿಪ್ರಾಯ ಖಚಿತ. ಚಿಕ್ಕ ಕ್ಯಾಸೆಟ್, ಗಿಡ್ಡ ಡಿರೇಲರ್ (ಚೈನನ್ನು ಗೇರಿನಿಂದ ಗೇರಿಗೆ ಸರಿಸುವ ಭಾಗ) ಕಾಣಲು ಅಚ್ಚುಕಟ್ಟು ಎಂದು 11-28 (ಅತಿ ಚಿಕ್ಕ ಚಕ್ರ 11 ಹಲ್ಲು, ಅತಿ ದೊಡ್ಡದು 28) ಹಾಕಿಕೊಂಡು ಗಿರಿ ಹತ್ತುವುದರಲ್ಲಿ ಅಂದವಿಲ್ಲ. ಚಿಕ್ಕಮಗಳೂರು ಪೇಟೆ ಸುಮಾರು 1,090 ಮೀಟರ್ ಎತ್ತರದಲ್ಲಿದೆ, ಮುಳ್ಳಯ್ಯನಗಿರಿಯ ತುದಿ 1,930. ಲೆಕ್ಕ ನೋಡಿ. ಸವಾರರೂ ಸೈಕಲ್ಲೂ ಸೇರಿ 80 ಕೆ.ಜಿ., ಏರು ಶೇ. 10, ನಿಮಿಷಕ್ಕೆ 60 ಸುತ್ತು ತುಳಿತ, 28 ಮಿ.ಮೀ. ಟಯರ್. ಮುಂದೆ 34, ಹಿಂದೆ 34 ಹಲ್ಲು ಇದ್ದರೆ ವೇಗ ಗಂಟೆಗೆ 7.7 ಕಿ.ಮೀ., ಬೇಕಾದ ಶಕ್ತಿ ಸುಮಾರು 170 ವ್ಯಾಟ್. ಹಿಂದೆ 28 ಆದರೆ 9.3 ಕಿ.ಮೀ., 200 ವ್ಯಾಟ್. ಹಳೇ ರೇಸ್ ಗೇರಾದ ಮುಂದೆ 39, ಹಿಂದೆ 25 ಆದರೆ 12 ಕಿ.ಮೀ., 260 ವ್ಯಾಟ್. ಇದು ಎತ್ತರಕ್ಕೆ ಏರುವ ಲೆಕ್ಕ ಮಾತ್ರ, ರಸ್ತೆಯ ಘರ್ಷಣೆ ಸೇರಿಲ್ಲ. ಅಷ್ಟು ಶಕ್ತಿ ಇಲ್ಲದವರು ತುಳಿತ ನಿಧಾನ ಮಾಡಿ, ಮಂಡಿಗೆ ಭಾರ ಹಾಕಿ ತುಳಿಯಬೇಕು. ಶಿಮಾನೊ ಕಂಪನಿಯ 105 ಗೇರ್ ಸೆಟ್ಟಿನ 11 ಸ್ಪೀಡಿನ ಆರ್7000ದಲ್ಲಿ ಗಿಡ್ಡ ಎಸ್ಎಸ್ ಡಿರೇಲರ್ 30 ಹಲ್ಲಿನ ತನಕ, ಉದ್ದದ ಜಿಎಸ್ 34ರ ತನಕ ಹಿಡಿಯುತ್ತದೆ. ಆದ್ದರಿಂದ 11-34 ಹಾಕುವವರು ಡಿರೇಲರನ್ನೂ ನೋಡಿಕೊಳ್ಳಬೇಕು, ಚೈನೂ ಉದ್ದವಾಗಬೇಕು. ಹಳೇ ಚೈನನ್ನೇ ಬಿಟ್ಟರೆ, ಮುಂದೆ ದೊಡ್ಡದು ಹಿಂದೆ ದೊಡ್ಡದು ಹಾಕಿದ ಕ್ಷಣ ಡಿರೇಲರನ್ನು ಫ್ರೇಮಿಗೆ ಹಿಡಿದಿಡುವ ಹ್ಯಾಂಗರ್ ಮುರಿಯಬಹುದು. ಕ್ಯಾಸೆಟ್ ತೂಕ ನೂರು ಗ್ರಾಂನಷ್ಟು ಹೆಚ್ಚುತ್ತದೆ. ಒಂದು ಗಂಟೆಯ ಏರಿನಲ್ಲಿ ಪೂರ್ತಿ 1 ಕೆ.ಜಿ.ಗೇ 45 ಸೆಕೆಂಡಿನ ವ್ಯತ್ಯಾಸ ಅಂದರೆ, ಇದು ಲೆಕ್ಕಕ್ಕೆ ಬರುವುದಿಲ್ಲ.

ಟಯರ್ 28 ಮಿ.ಮೀ. ಇರಲಿ. ಫ್ರೇಮ್ ಮತ್ತು ಟಯರ್ ನಡುವೆ ಸುತ್ತಲೂ ಕನಿಷ್ಠ 4 ಮಿ.ಮೀ. ಬಿಡಿ. ಎಸ್ಟೇಟಿನಿಂದ ಹೊರಬರುವ ಪಿಕಪ್ ಗಾಡಿಗಳು ಡಾಂಬರಿನ ಮೇಲೆ ಚೆಲ್ಲಿದ ಮಣ್ಣು, ಅದಕ್ಕೆ ಅಂಟುವ ಎಲೆ, ಸಣ್ಣ ಸಂದಿಯಲ್ಲಿ ಸಿಕ್ಕಿ ಕಾರ್ಬನ್ನಿನ ಬಣ್ಣವನ್ನು ಉಜ್ಜಿ ತೆಗೆಯುತ್ತವೆ. 70 ಕೆ.ಜಿ. ಸವಾರರಿಗೆ ಟ್ಯೂಬ್ ಹಾಕಿದ ಚಕ್ರದಲ್ಲಿ ಮುಂದೆ 65, ಹಿಂದೆ 70 ಪಿಎಸ್ಐ ನನ್ನ ಶುರು, ಮಳೆಯಲ್ಲಿ 5 ಕಡಿಮೆ. ಟಯರಿನ ಅಂಚನ್ನು ಹಿಡಿಯುವ ಹುಕ್ ಇಲ್ಲದ ರಿಮ್ಮಿನಲ್ಲಿ 5 ಬಾರ್, ಅಂದರೆ ಸುಮಾರು 72 ಪಿಎಸ್ಐ ದಾಟುವಂತಿಲ್ಲ. ಟಯರಿನ ಹೆಸರು ವಾಲ್ವಿನ ನೇರಕ್ಕೆ ಬರಬೇಕೆಂದು ನಾನು ಹಟ ಹಿಡಿಯುವುದು ಅಂದಕ್ಕಷ್ಟೇ ಅಲ್ಲ. ಪಂಕ್ಚರ್ ಆದಾಗ ಟ್ಯೂಬಿನ ತೂತು ವಾಲ್ವಿನಿಂದ ಎಷ್ಟು ದೂರವಿದೆ ಎಂದು ನೋಡಿ, ಟಯರಿನಲ್ಲಿ ಅದೇ ದೂರದಲ್ಲಿ ಹುಡುಕಿದರೆ ಮುಳ್ಳು ಸಿಗುತ್ತದೆ. ರಿಮ್ ಆಳ 30ರಿಂದ 35 ಮಿ.ಮೀ. ಸಾಕು. ಗಿರಿಯ ಮೇಲಿನ ಬಯಲು ಹುಲ್ಲುಗಾವಲಿನ ರಸ್ತೆಯಲ್ಲಿ ಪಕ್ಕದ ಗಾಳಿ ಬೀಸಿದಾಗ 50 ಮಿ.ಮೀ. ಮುಂಚಕ್ರ ಕೈಯಿಂದ ಕಿತ್ತುಕೊಂಡಂತೆ ಎಳೆಯುತ್ತದೆ.

ಮಳೆಗಾಲದ ಮಡ್‌ಗಾರ್ಡ್, ಮಂಜಿನಲ್ಲಿ ಬೇಕಾಗುವ ಹಿಂದಿನ ಲೈಟು, ಬೆಲ್ಲು: ಇವಕ್ಕೆ ನಾನು ಅಂಕ ಕಳೆಯುವುದಿಲ್ಲ. ವಾರೆಯಾಗಿ ನೇತಾಡುವ ಸೀಟ್ ಬ್ಯಾಗಿಗೆ ಕಳೆಯುತ್ತೇನೆ. ಕೇಬಲ್ ತುದಿಗೆ ಕ್ಯಾಪ್ ಇಲ್ಲದೆ ಎಳೆ ಬಿಚ್ಚಿದ್ದರೆ ಕಳೆಯುತ್ತೇನೆ. ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿದಾಗ ಕೇಬಲ್ ಎಳೆಯಬಾರದು. ಅದಕ್ಕಿಂತ ಉದ್ದ ಬಿಟ್ಟದ್ದು ಸೋಮಾರಿತನ. ಡಿಸ್ಕ್ ಬ್ರೇಕಿನ ಪ್ಯಾಡಿನಲ್ಲಿ 0.5 ಮಿ.ಮೀ. ಉಳಿದಿದ್ದರೆ ಅಂದದ ಮಾತು ಅಲ್ಲೇ ನಿಲ್ಲಿಸಿ ಮೊದಲು ಪ್ಯಾಡ್ ಬದಲಿಸಲು ಹೇಳುತ್ತೇನೆ. ಮಳೆಯ ಘಾಟಿ ಇಳಿತದಲ್ಲಿ ಅದು ಅರ್ಧ ದಿನದಲ್ಲಿ ಮುಗಿದುಹೋಗಬಹುದು.

ಫೋಟೊ ಕಳಿಸಿ ಅಭಿಪ್ರಾಯ ಕೇಳುವವರು ಸೈಕಲ್ಲಿನ ಬಲಬದಿ, ಅಂದರೆ ಚೈನಿನ ಬದಿ ತೋರಿಸಲಿ. ಮುಂದೆ ದೊಡ್ಡ ಚಕ್ರ, ಹಿಂದೆ ಚಿಕ್ಕದಕ್ಕೆ ಹಾಕಿದರೆ ಚೈನು ಬಿಗಿಯಾಗಿ ಒಂದು ಗೆರೆ ಮೂಡುತ್ತದೆ. ಕ್ರ್ಯಾಂಕ್ ಚೈನ್‌ಸ್ಟೇ ಕೊಳವೆಯ (ಕ್ರ್ಯಾಂಕಿನಿಂದ ಹಿಂಚಕ್ರದ ನಡುವಿಗೆ ಹೋಗುವುದು) ನೇರಕ್ಕೆ, ಎರಡೂ ವಾಲ್ವ್ ಕೆಳಗೆ. ಮೊಬೈಲಿನಲ್ಲಿ ಹತ್ತಿರದಿಂದ ತೆಗೆದರೆ ಹತ್ತಿರದ ಚಕ್ರ ಉಬ್ಬಿ, ಸ್ಟೆಮಿನ ಕೋನವೇ ಸುಳ್ಳಾಗಿ ಕಾಣುತ್ತದೆ. ಐದಾರು ಮೀಟರ್ ಹಿಂದೆ ಸರಿದು, ಎರಡು ಪಟ್ಟು ಜೂಮ್ ಮಾಡಿ, ಮೊಣಕಾಲೂರಿ ಫ್ರೇಮಿನ ನಡುಮಟ್ಟದಿಂದ ತೆಗೆಯಿರಿ. ಹಿನ್ನೆಲೆಗೆ ಹಿರೇಕೊಳಲೆ ಕೆರೆಯ ಏರಿ ಚೆನ್ನಾಗಿರುತ್ತದೆ, ಕಾಫಿ ಕಣದ ಬರಿಯ ನೆಲ ಇನ್ನೂ ಚೆನ್ನ. ಸಿಲ್ವರ್ ಓಕ್ ಸಾಲಿನ ಎದುರು ನಿಲ್ಲಿಸಿದರೆ ಕಾಂಡಗಳೂ ಫ್ರೇಮಿನ ಕೊಳವೆಗಳೂ ಒಂದರಲ್ಲೊಂದು ಕಲೆತುಹೋಗುತ್ತವೆ. ಸ್ಟ್ಯಾಂಡ್ ಇಲ್ಲದಿದ್ದರೆ ಕಾಫಿ ಗಿಡ ಸವರಿದಾಗ ಬಿದ್ದ ಕವೆಗೋಲೊಂದನ್ನು ಎಡಗಡೆಯಿಂದ ಸೀಟಿನ ಕೆಳಗೆ ಕೊಟ್ಟು, ಹಿಂದಿನ ಚಕ್ರದ ಮರೆಗೆ ಬರುವಂತೆ ಊರಿ. ಗಾಳಿ ಇದ್ದರೆ ಮುಂದಿನ ಬ್ರೇಕ್ ಲಿವರಿಗೆ ರಬ್ಬರ್ ಬ್ಯಾಂಡ್ ಸುತ್ತಿ, ಚಕ್ರ ಅಲ್ಲಾಡುವುದಿಲ್ಲ.